ಕೀಮ್ಯಾನ್ ಅಣ್ಣನ ಹಿಂದೆ ಓಡಿದ ವರ್ಷ

ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳಷ್ಟು ಕೆಳಗಿತ್ತು. ಹಿಂದಿನಿಂದ ನೋಡಿದರೆ ಏನನ್ನೋ ಹೊತ್ತು ತಂದು ಇಳಿಸುವುದನ್ನು ಮರೆತವರಂತೆ ಕಾಣುತ್ತಿದ್ದರು. ಒಂದು ವರ್ಷ ನಾನು ಓಡಿದ್ದು ಆ ಭುಜದ ಹಿಂದೆ. ಆದರೂ ಇದನ್ನು ಬರೆಯಲು ಕೂತಾಗ ಬಲವೋ ಎಡವೋ ಎಂಬ ಅನುಮಾನ ಬಂತು. ಫೋನಿನಲ್ಲಿ ಉಳಿದಿರುವ ಒಂದೇ ಫೋಟೊದಲ್ಲಿ ಎಡಭುಜ ಕೆಳಗಿದೆ. ಅದು ನಾನೇ ಕೈಚಾಚಿ ತೆಗೆದ ಸೆಲ್ಫಿ, ಕನ್ನಡಿಯ ಹಾಗೆ ತಿರುಗಿರುತ್ತದೆ ಎಂದು ಆಮೇಲೆ ಹೊಳೆಯಿತು. ಅವರು ಸುತ್ತಿಗೆ ಹೊರುತ್ತಿದ್ದುದು ಬಲಗೈಯಲ್ಲಿ. ಹಾಗಾಗಿ ಬಲ ಎಂದೇ ಬರೆದಿದ್ದೇನೆ.

ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದವರು ಅವರು. ದಿನಾ ಬೆಳಿಗ್ಗೆ ತಮ್ಮ ಪಾಲಿನ ಹಳಿಯುದ್ದಕ್ಕೂ ನಡೆಯಬೇಕು, ಕಂಬಿಯನ್ನು ಬಿಗಿಯಾಗಿ ಹಿಡಿದಿಡುವ ಕಬ್ಬಿಣದ ಚಾವಿಗಳು ಸಡಿಲವಾಗಿದ್ದರೆ ಬಡಿದು ಕೂರಿಸಬೇಕು, ಕಂಬಿ ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ನೋಡಬೇಕು. ಗುಬ್ಬಿಯಿಂದ ನಿಟ್ಟೂರಿನ ಕಡೆಗೆ ಅವರ ಬೀಟು. ನಿವೃತ್ತಿಯಾದ ಮೇಲೆ, ಹೆಂಡತಿಯ ಮಂಡಿನೋವಿಗೆ ಆಸ್ಪತ್ರೆ ಹತ್ತಿರವಿರಲಿ ಎಂದು ತುಮಕೂರಿನ ಉಪ್ಪಾರಹಳ್ಳಿಗೆ ಬಂದು, ನಮ್ಮ ಮನೆಯಿಂದ ಎರಡು ಬೀದಿ ಆಚೆ ಬಾಡಿಗೆಗಿದ್ದರು.

ಮೊದಲ ಸಲ ನೋಡಿದಾಗ ನಾನು ಓಡುತ್ತಿದ್ದೆ, ಅವರು ನಡೆಯುತ್ತಿದ್ದರು. ಅವರೇ ನನ್ನನ್ನು ದಾಟಿ ಮುಂದೆ ಹೋದರು. ಹೋಗುತ್ತಾ ತಿರುಗಿ ನೋಡದೆ ಕೇಳಿದರು:

"ಯಾಕವ್ವ, ಯಾರಾದ್ರೂ ಅಟ್ಟಿಸ್ಕಂಡ್ ಬತ್ತಾವ್ರಾ?"

ನಗು ಬರಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದಕ್ಕೂ ನಗು ಬರುತ್ತಿರಲಿಲ್ಲ. ಹಿರೇಹಳ್ಳಿಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಬೆಳಿಗ್ಗೆಯಿಂದ ಸಂಜೆಯವರೆಗೆ ಸ್ಯಾಂಪಲ್ ತೂಗುವುದು, ಅಳೆಯುವುದು, ಬರೆದಿಡುವುದು. ಪಿಎಚ್‌.ಡಿ.ಯನ್ನು ನಾಲ್ಕನೆಯ ವರ್ಷದಲ್ಲಿ ಬಿಟ್ಟಿದ್ದೆ. ಸಂಗೀತವನ್ನು ಅದಕ್ಕೂ ಮೊದಲೇ ಬಿಟ್ಟಿದ್ದೆ. ನಲವತ್ತು ದಾಟಿದ ಮೇಲೆ, ಒಂದಾದರೂ ಮುಗಿಸೋಣ ಎಂದು ಕುಣಿಗಲ್ ಕಡೆಯ ಬೆಟ್ಟಗಳಲ್ಲಿ ನಡೆಯುವ ಕಾಡುದಾರಿಯ ಮ್ಯಾರಥಾನಿಗೆ ಹೆಸರು ಕೊಟ್ಟೆ. ನಲವತ್ತೆರಡು ಕಿಲೋಮೀಟರ್, ಒಂಬತ್ತು ಗಂಟೆಯ ಗಡುವು, ನಡುವೆ ಅಲ್ಲಲ್ಲಿ ಒಂದೊಂದು ಗಡುವು. ಮೂವತ್ತೊಂದನೆಯ ಕಿಲೋಮೀಟರಿನಲ್ಲಿ ಹೊತ್ತು ಮೀರಿತೆಂದು ನನ್ನನ್ನು ನಿಲ್ಲಿಸಿ ಜೀಪಿನಲ್ಲಿ ಕೂರಿಸಿದರು. ಜೀಪಿನ ಹಿಂಬದಿಯಲ್ಲಿ ಖಾಲಿ ನೀರಿನ ಕ್ಯಾನುಗಳ ನಡುವೆ ಕೂತು ವಾಪಸ್ಸು ಬಂದೆ.

ಇದನ್ನೆಲ್ಲ ಒಂದು ವಾರದೊಳಗೆ ಅವರಿಗೆ ಹೇಳಿದ್ದೆ. ಹೆಚ್ಚು ಪರಿಚಯವಿಲ್ಲದವರಿಗೆ ಹೇಳುವುದು ಸುಲಭ.

"ಅರ್ಧಕ್ಕೆ ಯಾಕ್ ಬುಟ್ಟೆ?" ಎಂದರು.

"ನಾನು ಬಿಡ್ಲಿಲ್ಲ ಅಣ್ಣ. ಟೈಮ್ ಆಯ್ತು ಅಂತ ಅವ್ರೇ ಕರ್ಕೊಂಡ್ ಬಂದ್ರು."

"ಎತ್ಕಂಡ್ ಬಂದ್ರಾ? ಜೀಪು ಹತ್ತಿದ್ದು ನೀನೇ ತಾನೇ?"

ಸಿಟ್ಟು ಬಂತು. ಮರುದಿನ ಹೋಗಬಾರದು ಅಂದುಕೊಂಡೆ, ಹೋದೆ. ಒಂದು ತಿಂಗಳಾಗುವಷ್ಟರಲ್ಲಿ ಅವರೂ ಮುಂದಿನ ಮ್ಯಾರಥಾನಿಗೆ ಹೆಸರು ಕೊಟ್ಟಿದ್ದರು. ಅರವತ್ತೆರಡನೆಯ ವಯಸ್ಸಿನಲ್ಲಿ ಯಾಕೆ ಎಂದು ಕೇಳಿದರೆ, "ಪಾರ್ಕಲ್ಲಿ ಗಾಣದೆತ್ತಿನಂಗೆ ಸುತ್ತಕ್ಕಾಗಕಿಲ್ಲ ಕಣವ್ವ. ನಂಗೆ ಉದ್ದಕ್ಕೆ ಹೋಗ್ಬೇಕು" ಎಂದರು. ಆದರೆ ಅವರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವರು, ನಿಜವಾದ ಕಾರಣ ಹೇಳಿದರು. ಅಷ್ಟು ವರ್ಷ ನಡೆದದ್ದಕ್ಕೆ ಮನೆಯಲ್ಲಿ ತೋರಿಸಲು ಏನೂ ಇರಲಿಲ್ಲ. ಓಟ ಮುಗಿಸಿದವರಿಗೆಲ್ಲ ಮೆಡಲ್ ಕೊಡುತ್ತಾರೆಂದು ನನ್ನ ಬಾಯಲ್ಲಿ ಕೇಳಿದ ದಿನದಿಂದ ಅದೇ ಜಪ.

"ಮೂವತ್ತೈದು ವರ್ಸ ಗೌರ್ಮೆಂಟು ಸಂಬಳ ಕೊಟ್ಟು ನಡೆಸ್ತು," ಎಂದರು ಅಕ್ಕ ಕಾಫಿ ಲೋಟ ಕೈಗಿಡುತ್ತಾ. "ಈಗ ಇವ್ರೇ ಫೀಸು ಕಟ್ಟಿ ಓಡ್ತಾರಂತೆ! ಮೆಡಲ್ ಬಂದ್ರೆ ಕೊರಳಿಗೆ ಹಾಕ್ಕಂಡೇ ಮಲಗ್ತಾರೇನೋ, ನೋಡ್ತಿರು."

ಅಣ್ಣ ತಲೆ ಬಗ್ಗಿಸಿ ಕಾಫಿ ಕುಡಿದರು. ನಾಚಿಕೊಂಡಿದ್ದರು.

ವಾರದ ದಿನಗಳಲ್ಲಿ ಉಪ್ಪಾರಹಳ್ಳಿಯ ಸುತ್ತಮುತ್ತ, ಭಾನುವಾರ ಗುಬ್ಬಿಯ ಕಡೆ ಹೇಮಾವತಿ ನಾಲೆಯ ಏರಿ ಮೇಲೆ, ಒಮ್ಮೊಮ್ಮೆ ಕುಣಿಗಲ್ ಕೆರೆಯ ಏರಿ ಮೇಲೆ. ಅವರ ಹೆಜ್ಜೆ ಗಿಡ್ಡ. ಹಳಿಯಡಿಯ ಒಂದು ಸ್ಲೀಪರ್ ಪಟ್ಟಿಯಿಂದ ಇನ್ನೊಂದಕ್ಕೆ ಕಾಲಿಟ್ಟು ಅಭ್ಯಾಸವಾದದ್ದು ಮಣ್ಣಿನ ಮೇಲೂ ಉದ್ದವಾಗಲಿಲ್ಲ. ನನ್ನದು ದೊಡ್ಡ ಹೆಜ್ಜೆ. ಮೊದಲ ಗಂಟೆ ನಾನು ಮುಂದೆ, ಮೂರನೆಯ ಗಂಟೆಗೆ ಆ ಕೆಳಗಿಳಿದ ಭುಜ ನನ್ನ ಮುಂದೆ. ಏರಿನಲ್ಲೂ ಅದೇ ಹೆಜ್ಜೆ, ಇಳಿಜಾರಿನಲ್ಲೂ ಅದೇ.

ಇನ್ನೊಂದು ಕಟ್ಟುನಿಟ್ಟಿತ್ತು. ಹೋಗುವಾಗ ದಾರಿಯ ಒಂದು ಅಂಚು, ಬರುವಾಗ ಇನ್ನೊಂದು ಅಂಚು. ಕೀಮ್ಯಾನ್ ಹೋಗುವಾಗ ಒಂದು ಕಂಬಿ ನೋಡುತ್ತಾನೆ, ಬರುವಾಗ ಇನ್ನೊಂದು. ಅರ್ಧ ದಾರಿಯಿಂದ ವಾಪಸ್ಸಾದರೆ ಆ ದಿನದ ಕೆಲಸ ಎರಡು ಕಡೆಯೂ ಆಗಲಿಲ್ಲ ಎಂದೇ ಲೆಕ್ಕ. ಕಣ್ಣು ಸದಾ ನೆಲದ ಮೇಲೆ. ಜಾಲಿಮುಳ್ಳು ಬಿದ್ದಿದ್ದರೆ ನಿಂತು ಎತ್ತಿ ಹಾಕುವರು, ಬಾಟಲಿಯ ಚೂರಿದ್ದರೆ ನಿಂತು ಆಯುವರು. ಪ್ರತಿ ಸಲ ಒಂದು ನಿಮಿಷ ಹೋಗುತ್ತಿತ್ತು.

"ತಲೆ ಎತ್ತಿ ಓಡಿ ಅಣ್ಣ. ಇದೇನು ರೈಲ್ವೆ ಲೈನಾ?"

"ಹಿಂದೆ ಬರೋರ್ಗೆ ಕಾಲಿಲ್ವಾ?"

"ಹಿಂದೆ ಯಾರೂ ಇಲ್ಲ!"

"ಇವತ್ತಿಲ್ಲ, ಬುಡು."

ನಾನು ಸುಸ್ತು ಎಂದಾಗಲೆಲ್ಲ ಒಂದೇ ಉತ್ತರ: "ಸುಸ್ತೂ ಬರ್ಲಿ ಬುಡು, ಪಾಪ. ಅದೊಂದನ್ನೇ ಯಾಕೆ ಮನೇಲಿ ಬುಟ್ ಬರ್ತೀಯ?" ಇದನ್ನು ಎಷ್ಟು ಸಲ ಹೇಳಿದರೋ ತಿಳಿಯದು. ಡೈರಿಯಲ್ಲಿ ಒಂದೇ ಕಡೆ ಇದೆ. ನೆನಪಿನಲ್ಲಿ ಮಾತ್ರ ಪ್ರತಿ ಭಾನುವಾರವೂ ಹೇಳುತ್ತಾರೆ.

ಕಂಬಿ ಬಿರುಕು ಬಿಟ್ಟದ್ದನ್ನು ಕಂಡ ಕತೆಯನ್ನು ಒಂದು ಸಲ ನಾಲೆಯ ತೂಬಿನ ಮೇಲೆ ಕೂತು ಹೇಳಿದರು. ಚಳಿಗಾಲದ ಬೆಳಗಿನ ಮಂಜು. ಕಂಬಿಯಲ್ಲಿ ಬೆರಳು ತೂರುವಷ್ಟು ಸಂದು. ಜೊತೆಗೆ ಯಾರೂ ಇಲ್ಲ. ಕೆಂಪು ಬಾವುಟ ಹಿಡಿದು ಎದುರಿಗೆ ಓಡಿ ಗಾಡಿ ನಿಲ್ಲಿಸಿದರು.

"ಡ್ರೈವರ್ ಇಳ್ದು ಬಂದು ಚೆನ್ನಾಗ್ ಬೈದ. ಆಮೇಲೆ ಸಂದು ನೋಡಿ ಕೈ ಮುಗ್ದ."

"ನೀವು ಹೋಗಿ ಸ್ಟೇಷನ್‌ಗೆ ಹೇಳಿದ್ರಾ?"

"ನಾನ್ ಹೋದ್ರೆ ಅಲ್ಲಿ ಯಾರಿರ್ತಾರೆ? ತಪ್ಪು ಕಂಡೋನು ಜಾಗ ಬುಡಂಗಿಲ್ಲ. ಹೇಳಕ್ಕೆ ಬೇರೆಯೋರು ಹೋಗ್ಬೇಕು."

ಓಟದ ದಿನ ಬೆಳಿಗ್ಗೆ ಆರಕ್ಕೆ ಹೊರಟೆವು. ಮೊದಲ ಬೆಟ್ಟ, ಬಂಡೆಗಳ ಇಳಿಜಾರು, ಒಣಗಿದ ಕೆರೆಯ ಅಂಗಳ. ಹನ್ನೊಂದಕ್ಕೆ ಬಿಸಿಲು ಬಂಡೆಯಿಂದ ಮುಖಕ್ಕೆ ಹೊಡೆಯತೊಡಗಿತು. ಮೂವತ್ತೊಂದನೆಯ ಕಿಲೋಮೀಟರನ್ನು ಅಲ್ಲಿಯ ಗಡುವಿಗೆ ಇಪ್ಪತ್ತು ನಿಮಿಷ ಮೊದಲೇ ದಾಟಿದೆವು. ಹೋದ ಸಲ ಜೀಪು ನಿಂತಿದ್ದ ಜಾಗವನ್ನು ಗುರುತಿಸಲು ನೋಡಿದೆ. ಎಲ್ಲ ಒಂದೇ ಥರ ಕಂಡಿತು. ತೊಡೆಗಳು ನನ್ನವೆನ್ನಿಸುತ್ತಿರಲಿಲ್ಲ. ಅವರು ಎರಡು ಮಾರು ಮುಂದೆ, ಅದೇ ಗಿಡ್ಡ ಹೆಜ್ಜೆಯಲ್ಲಿ ಹೋಗುತ್ತಿದ್ದರು.

ಅಲ್ಲಿಂದ ಒಂದು ಮೈಲಿಯಷ್ಟು ಹೋದ ಮೇಲೆ ದಾರಿ ಕವಲೊಡೆಯಿತು. ದಾರಿ ತೋರಿಸಲು ಗಿಡಗಳಿಗೆ ಕಿತ್ತಳೆ ಬಣ್ಣದ ರಿಬ್ಬನ್ ಕಟ್ಟಿರುತ್ತಾರೆ. ಅಲ್ಲಿ ಇರಲಿಲ್ಲ. ಅಣ್ಣ ನಿಂತರು. ನೆಲ ನೋಡಿಕೊಂಡೇ ಓಡುವವರಾದ್ದರಿಂದ ಅವರಿಗೆ ಕಂಡಿತು: ಹಿಕ್ಕೆ, ಅದರ ಪಕ್ಕ ಅಗಿದು ಉಗುಳಿದ ಕಿತ್ತಳೆ ಚೂರು. ಆಡುಗಳು ರಿಬ್ಬನ್ನನ್ನು ತಿಂದಿದ್ದವು. ನೇರವಾಗಿ ಕಾಣುತ್ತಿದ್ದ, ಯಾರಾದರೂ ಹಿಡಿಯಬಹುದಾದ ದಾರಿ ಆಳೆತ್ತರದ ಹುಲ್ಲಿನೊಳಗೆ ಹೋಗಿ, ಇಪ್ಪತ್ತು ಹೆಜ್ಜೆಗೆ ಹಳೆಯ ಕಲ್ಲು ಕ್ವಾರಿಯ ಅಂಚಿನಲ್ಲಿ ಮುಗಿಯುತ್ತಿತ್ತು. ಕೆಳಗೆ ಹಸಿರು ನೀರು. ಹಿಂದೆ ಬಿದ್ದಿದ್ದ ನಾನು ಕವಲು ತಲುಪುವಷ್ಟರಲ್ಲಿ ಅವರು ಅಲ್ಲಿಯವರೆಗೆ ಹೋಗಿ ನೋಡಿ ಬಂದಿದ್ದರು. ನಮ್ಮ ಹಿಂದೆ ಇನ್ನೂ ಹಲವರು ದಣಿದು ಬರುತ್ತಿದ್ದರು. ಫೋನಿಗೆ ಸಿಗ್ನಲ್ ಇರಲಿಲ್ಲ.

ಅವರು ಹೆಗಲ ಮೇಲಿದ್ದ ಕೆಂಪು ಟವೆಲನ್ನು ಕೈಗೆ ತೆಗೆದುಕೊಂಡು ಕವಲಿನಲ್ಲಿ ನಿಂತರು. ನಾನು ಮುಂದೆ ಓಡಿದೆ. ಮುಂದಿನ ನೀರಿನ ಟೆಂಟಿನಲ್ಲಿ ವಿಷಯ ಹೇಳಿದೆ. ಅಲ್ಲಿದ್ದ ಸ್ವಯಂಸೇವಕಿಯೊಬ್ಬಳು ಬೈಕ್ ಹತ್ತಿ ಆ ಕಡೆ ಹೋದಳು. ಆದರೆ ಬಂಡೆದಾರಿಯಲ್ಲಿ ಬೈಕ್ ಹೋಗದೆ, ಅವಳು ನಡೆದು ತಲುಪುವಷ್ಟರಲ್ಲಿ ಅಣ್ಣ ಐವತ್ತು ನಿಮಿಷ ನಿಂತಾಗಿತ್ತು. ಹಿಂದಿದ್ದವರನ್ನೆಲ್ಲ ಸರಿದಾರಿಗೆ ಕಳಿಸಿ ಕಡೆಯವರಾಗಿ ಹೊರಟವರನ್ನು ಮೂವತ್ತೆಂಟನೆಯ ಕಿಲೋಮೀಟರಿನಲ್ಲಿ ಹೊತ್ತು ಮೀರಿತೆಂದು ನಿಲ್ಲಿಸಿದರು. ನಾನು ಗಡುವಿಗೆ ಆರು ನಿಮಿಷ ಮೊದಲು ಮುಗಿಸಿದೆ. ಯಾರೋ ಕೊರಳಿಗೆ ಮೆಡಲ್ ಹಾಕಿದರು. ನೆಲದ ಮೇಲೆ ಕೂತೆ. ಸಂತೋಷ ಬರುತ್ತದೆಂದು ಕಾದೆ. ಬಂದದ್ದು ಜೀಪು. ಕ್ಯಾನುಗಳ ನಡುವಿನಿಂದ ಅಣ್ಣ ಇಳಿದರು.

ಮೆಡಲನ್ನು ತೆಗೆದು ಅವರತ್ತ ಹಿಡಿದೆ.

"ಥೂ, ನಿಂದು ಕಣವ್ವ ಅದು," ಎಂದರು. "ಮೊದ್ಲು ಹಾಕ್ಕ. ಮುಗ್ಸಿದ್ಯಲ್ಲ!"

ನನಗಿಂತ ಅವರಿಗೇ ಹೆಚ್ಚು ಸಂತೋಷವಾಗಿತ್ತು. ಇದು ನೆನಪಿನ ಬಣ್ಣವಿರಬಹುದು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಡೈರಿಯಲ್ಲೂ ಹಾಗೇ ಇದೆ.

ನಾಲ್ಕು ತಿಂಗಳಾದ ಮೇಲೆ, ಒಂದು ಬೆಳಿಗ್ಗೆ ಕಾಫಿ ಕುಡಿದು ಗೋಡೆಗೊರಗಿ ಕೂತ ಅಣ್ಣ ಮತ್ತೆ ಏಳಲಿಲ್ಲ. ಮುಂದಿನ ಓಟಕ್ಕೆ ಇಬ್ಬರ ಹೆಸರೂ ಕೊಟ್ಟಾಗಿತ್ತು.

ಕಾರ್ಯವೆಲ್ಲ ಮುಗಿದ ಮೇಲೆ ಅಕ್ಕನ ಜೊತೆ ಕೂತಿದ್ದೆ. ಏನಾದರೂ ಹೇಳಬೇಕಿತ್ತು. ಕವಲಿನ ಕತೆ ಹೇಳಿದೆ. "ನೀವು ಹೋಗಿ ಅಣ್ಣ, ನಾನು ನಿಲ್ತೀನಿ ಅಂದೆ ಅಕ್ಕ. ಅವ್ರು ಒಪ್ಪಲಿಲ್ಲ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ನೋಡಿದರು.

"ಹೌದಾ? ಅದೊಂದ ಹೇಳ್ಲೇ ಇಲ್ಲ ನೋಡು. ಆಡಿನ ಕತೆನ ನೂರು ಸಲ ಹೇಳವ್ರೆ. ಬಂದೋರ್ಗೆಲ್ಲ ಹೇಳವ್ರೆ. ನೀನ್ ಹಂಗಂದಿದ್ದ ಮಾತ್ರ ಹೇಳ್ಲಿಲ್ಲ." ಆಮೇಲೆ ಕೈ ಹಿಡಿದುಕೊಂಡರು. "ಒಳ್ಳೇವ್ಳು ಕಣವ್ವ ನೀನು."

ಅದರಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನಾನು ವಾದ ಮಾಡಿ ಸುಮ್ಮನಾಗುತ್ತಿದ್ದೆ. ಮನೆಗೆ ಬಂದು ಡೈರಿ ತೆಗೆದೆ. ಓಟದ ಸಂಜೆ ಬರೆದದ್ದು ಹೀಗಿದೆ:

"ಆಡು ತಿಂದವೆ. ಮುಂದೆ ಕ್ವಾರಿ ಐತೆ. ನಾನ್ ಇಲ್ಲಿ ನಿಂತ್ಕತೀನಿ. ನೀನ್ ಹೋಗಿ ಹೇಳು."

"ನೀವು ಹೋಗಿ ಅಣ್ಣ, ನಾನು ನಿಲ್ತೀನಿ."

"ಹೋದ್ಸಲ ಜೀಪಲ್ಲಿ ಬಂದಿದ್ದು ಮರ್ತೋಯ್ತಾ? ಹೋಗು."

"ಮತ್ತೆ ನಿಮ್ಮ ಮೆಡಲ್ಲು?"

"ಅದೇನ್ ಓಡೋಗುತ್ತಾ? ಮುಂದಿನ ವರ್ಸ ತಗಂತೀನಿ. ಹೋಗವ್ವ, ಹೊತ್ತಾಯ್ತು."

ಎಷ್ಟು ಸಲೀಸಾಗಿದೆ! ಇಬ್ಬರೂ ಒಳ್ಳೆಯವರು. ಮೂವತ್ತೆರಡು ಕಿಲೋಮೀಟರ್ ಬೆಟ್ಟ ಹತ್ತಿಳಿದು ಮಾತೇ ಹೊರಡದಿದ್ದ ನಾನು ಇಷ್ಟು ಚೆನ್ನಾಗಿ ಮಾತಾಡಿದ್ದೆನೇ?

ನನ್ನ ಕೈಗಡಿಯಾರ ಓಡಿದ ದಾರಿಯನ್ನೂ ನಿಂತ ಹೊತ್ತನ್ನೂ ದಾಖಲಿಸಿಡುತ್ತದೆ. ಫೋನಿನಲ್ಲಿ ಆ ದಿನದ್ದನ್ನು ತೆರೆದು ಕವಲಿನ ಜಾಗ ಹುಡುಕಿದೆ. ಅಲ್ಲಿ ನಾನು ನಿಂತದ್ದು ಹನ್ನೊಂದು ಸೆಕೆಂಡು.

ಡೈರಿಯ ಮಾತುಗಳನ್ನು ಗಟ್ಟಿಯಾಗಿ ಓದಿ ಹೊತ್ತು ನೋಡಿದೆ. ಇಪ್ಪತ್ತನಾಲ್ಕು ಸೆಕೆಂಡು ಹಿಡಿಯಿತು. ಬೇಗ ಓದಿದೆ. ಇಪ್ಪತ್ತು. ಲ್ಯಾಬಿನಲ್ಲಿ ಮಾಡುವ ಹಾಗೆ ಒಂದೊಂದೇ ತೆಗೆದು ನೋಡಿದೆ. ನನ್ನ ಮಾತುಗಳನ್ನು ತೆಗೆದರೆ ಅವರ ಕಡೆಯ ಎರಡು ಉತ್ತರಗಳಿಗೆ ಅರ್ಥವಿಲ್ಲ, ಅವೂ ಹೋಗುತ್ತವೆ. ಉಳಿಯುವುದು ಮೊದಲನೆಯದು ಒಂದೇ. ಅದನ್ನು ಅವರು ಹೇಳುವಂತೆ ನಿಧಾನವಾಗಿ, ನಡುನಡುವೆ ಉಸಿರು ತೆಗೆದುಕೊಂಡು ಹೇಳಿ ನೋಡಿದೆ. ಹತ್ತು ಸೆಕೆಂಡಾಯಿತು.

ಉಳಿದ ಒಂದು ಸೆಕೆಂಡಿನಲ್ಲಿ ನಾನು ತಲೆಯಾಡಿಸಿರಬೇಕು.

ಯಾರಾದರೂ ಹೋಗಿ ಹೇಳಲೇಬೇಕಿತ್ತು, ನಿಜ. ಅವರೂ ಹೋಗಬಹುದಿತ್ತು ಎಂಬುದೂ ನಿಜ. ನಾನು ನಿಲ್ಲಲೇ ಎಂದು ಕೇಳಿದ್ದರೂ ಅವರು ಜಾಗ ಬಿಡುತ್ತಿರಲಿಲ್ಲ ಎಂದು ಈಗ ಹೇಳಿಕೊಳ್ಳಬಹುದು. ಆದರೆ ಕೇಳಿದವಳಿಗೆ ಮಾತ್ರ ಆ ಸಮಾಧಾನ ಸಲ್ಲುತ್ತದೆ. ಮೆಡಲ್ ಬೀರುವಿನಲ್ಲಿದೆ. ಅದನ್ನು ಒಯ್ದು ಕೊಟ್ಟರೆ ಅಕ್ಕ ಅಳುತ್ತಾರೆ, ಮತ್ತೆ ಒಳ್ಳೆಯವಳು ಅನ್ನುತ್ತಾರೆ. ಅದಕ್ಕೆ ಮೊದಲು ಹೇಳಬೇಕಾದದ್ದು ಒಂದೇ ವಾಕ್ಯ: ನಾನು ಕೇಳಲಿಲ್ಲ ಅಕ್ಕ. ಅವರ ಮನೆ ನಡೆದರೆ ನಾಲ್ಕು ನಿಮಿಷ. ಪ್ರತಿ ಭಾನುವಾರ ಬೆಳಿಗ್ಗೆ ಶೂ ಹಾಕಿಕೊಂಡು ಮೊದಲ ಬೀದಿಯ ಕೊನೆಯವರೆಗೆ ಹೋಗುತ್ತೇನೆ, ವಾಪಸ್ಸು ಬರುತ್ತೇನೆ.