ಊಟದಲ್ಲಿ ಮುಗಿಯುವ ಗುದ್ದಾಟ

ಯಾರಿಗಾದರೂ ಕಾಲು ತಾಗಿದರೆ ತಕ್ಷಣ ಬಗ್ಗಿ ಅವರನ್ನು ಮುಟ್ಟಿ, ಆ ಕೈಯನ್ನು ಕಣ್ಣಿಗೊತ್ತಿಕೊಳ್ಳಬೇಕು ಎಂದು ಅಮ್ಮ ಕಲಿಸಿದಾಗ ನನಗೆ ಮೂರು ವರ್ಷವಿದ್ದಿರಬೇಕು. ಆ ಸಂಸ್ಕಾರಕ್ಕಾಗಿ ನಾನು ಮೂಗಿನ ಮೇಲೆ ಗುದ್ದು ತಿಂದದ್ದು ನಲವತ್ತೊಂದಕ್ಕೆ.

ಆಗ ರಾಫೆಲ್ಸ್ ಪ್ಲೇಸ್‌ನ ಒಂದು ಬ್ಯಾಂಕಿನಲ್ಲಿ ನನ್ನ ಕೆಲಸ. ವೃದ್ಧಾಶ್ರಮವೊಂದರ ಸಹಾಯಾರ್ಥವಾಗಿ ನೌಕರರ ನಡುವೆಯೇ ಬಾಕ್ಸಿಂಗ್ ಪಂದ್ಯ ಇಟ್ಟಿದ್ದರು. ಮಧ್ಯಾಹ್ನ ಊಟದ ಮೇಜಿನಲ್ಲಿ ಒಬ್ಬ ಮಹಾಶಯ, ನಿಮ್ಮ ಟೀಮಿನ ಹೆಂಗಸರದ್ದೆಲ್ಲ ಬಾಯಿ ಮಾತ್ರ ಜೋರು ಎಂದ. ಮೊದಲೇ ನಾನು ಮುಂಗೋಪಿ. ಕಾಫಿ ಆರುವಷ್ಟರಲ್ಲಿ ಹೆಸರು ಕೊಟ್ಟು ಬಂದಿದ್ದೆ. ಹುಟ್ಟಿದಾಗಿನಿಂದ ಒಂದು ಸೊಳ್ಳೆ ಬಿಟ್ಟರೆ ಯಾರಿಗೂ ಹೊಡೆದವಳಲ್ಲ ಎನ್ನುವುದು ಎಂಆರ್‌ಟಿ ರೈಲಿನಲ್ಲಿ ಮನೆಗೆ ಬರುವಾಗ ನೆನಪಾಯಿತು.

ತರಬೇತಿಯ ಮೊದಲ ದಿನವೇ ಕೋಚ್‌ನ ಕಾಲು ತುಳಿದೆ. ತುಳಿದವಳು ಸುಮ್ಮನಿರುವುದು ಬಿಟ್ಟು, ಗ್ಲೌಸ್ ಹಾಕಿದ ಕೈಯನ್ನು ಅವನ ಮೊಣಕಾಲಿಗೆ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡೆ. ಅವನು ಆಗಲೇ ಬೀಸಿದ್ದ ಕೈ ನೇರ ಮೂಗಿಗೆ ಬಂತು. ಪಾಪ, ಅವನದೇನೂ ತಪ್ಪಿಲ್ಲ. ಎರಡನೆಯ ದಿನವೂ ಹಾಗೇ ಆಯಿತು, ಮೂರನೆಯ ದಿನವೂ.

"ಅಲ್ಲ ಕಣೇ, ನೀನು ಅಲ್ಲಿಗೆ ಫೈಟ್ ಮಾಡಕ್ಕೆ ಹೋಗ್ತಿದ್ಯೋ, ಇಲ್ಲ ಆಶೀರ್ವಾದ ತಗೊಳ್ಳಕ್ಕೋ?" ಎಂದು ನನ್ನ ಗಂಡ ಬಿದ್ದುಬಿದ್ದು ನಕ್ಕ.

ನಗುವವನನ್ನೇ ಎದುರಾಳಿ ಮಾಡಿಕೊಂಡೆ. ನಮ್ಮ ಮನೆ ಬೆಡೋಕ್‌ನಲ್ಲಿ. ಶನಿವಾರ ಬೆಳಿಗ್ಗೆ ಬ್ಲಾಕಿನ ಕೆಳಗೆ ಕಂಬಗಳ ನಡುವಿನ ವಾಯ್ಡ್ ಡೆಕ್ ಎಂಬ ತೆರೆದ ಜಾಗಕ್ಕೆ ಅವನನ್ನು ಎಳೆದುಕೊಂಡು ಹೋದೆ. ಸೋಫಾದ ದಿಂಬೇ ಅವನ ಗುರಾಣಿ. ಎರಡು ನಿಮಿಷದಲ್ಲಿ ಅವನ ಕಾಲು ತುಳಿದೆ, ಬಗ್ಗಿದೆ, ದಿಂಬಿನಿಂದ ತಲೆಗೆ ಬಾರಿಸಿಕೊಂಡೆ. ಕಲ್ಲುಬೆಂಚಿನ ಕಡೆಯಿಂದ ಯಾರೋ ಕಿಸಕ್ಕನೆ ನಕ್ಕರು.

ಮೂರನೆಯ ಮಹಡಿಯ ಚೀನೀ ತಾತ. ತೊಂಬತ್ತು ದಾಟಿದ್ದ ಅವರು ದಿನಾ ಬೆಳಿಗ್ಗೆ ಬನಿಯನ್, ಚಡ್ಡಿಯಲ್ಲಿ ಅಲ್ಲಿ ಕೂತು ಕಾಫಿ ಹೀರುತ್ತಿದ್ದರು. ಇಲ್ಲಿಯ ರೂಢಿಯಂತೆ ನಾನು ಅವರಿಗೆ ಅಂಕಲ್ ಎನ್ನುತ್ತಿದ್ದೆ, ಅವರು ನನಗೆ ಗರ್ಲ್ ಎನ್ನುತ್ತಿದ್ದರು. ಅವರ ಇಂಗ್ಲಿಷ್ ತುಂಡುತುಂಡು, ನಡುವೆ ಒಂದಷ್ಟು ಮಲಯ್. ಇಲ್ಲಿ ಬರೆದಿರುವುದು ಆ ತುಂಡುಗಳನ್ನು ನಾನು ಸೇರಿಸಿ ಹೊಲಿದ ಕನ್ನಡ.

"ಯಾಕೆ ಬಗ್ಗಿದೆ, ಗರ್ಲ್?"

ಹೇಳಿದೆ. ಕಾಲು ತಾಗಿದರೆ ಹೀಗೆ ಕ್ಷಮೆ ಕೇಳುವುದು ನಮ್ಮಲ್ಲಿ ವಾಡಿಕೆ, ಕೈ ತಾನಾಗಿಯೇ ಹೋಗುತ್ತದೆ ಎಂದೆ. ತಾತನ ನಗು ನಿಂತಿತು.

"ಎಷ್ಟು ಹೊತ್ತಿನೊಳಗೆ ಮಾಡಬೇಕು?"

"ತಕ್ಷಣ, ಅಂಕಲ್."

"ತಡ ಆದರೆ?"

ನಾನು ಯೋಚಿಸಿದೆ. "ಗೊತ್ತಿಲ್ಲ. ಅಮ್ಮ ಅದನ್ನ ಹೇಳಿಕೊಟ್ಟಿಲ್ಲ."

ಅವರು ಎರಡೂ ಮುಷ್ಟಿ ಬಿಗಿದು ನನ್ನ ಮುಂದೆ ಹಿಡಿದರು. ಗೆಣ್ಣುಗಳು ಇರಬೇಕಾದ ಜಾಗದಲ್ಲಿ ಉಬ್ಬೇ ಇರಲಿಲ್ಲ. ಹಳೆಯ ಒರಳಿನ ಅಂಚಿನಂತೆ ಸವೆದು ಚಪ್ಪಟೆಯಾಗಿದ್ದವು.

ಅವರಿಗೆ ಹದಿನೈದು ಹದಿನಾರು ವರ್ಷವಿದ್ದಾಗ ರಬ್ಬರಿನ ಬೆಲೆ ನೆಲಕಚ್ಚಿತ್ತಂತೆ. ಹಡಗುಗಳು ಬರುವುದು ಕಡಿಮೆಯಾಗಿ, ನದಿದಂಡೆಯಲ್ಲಿ ಮೂಟೆ ಹೊರುವವರೆಲ್ಲ ಕೈಕಟ್ಟಿ ಕೂತರು. ಆಗ ನೂಡಲ್ಸ್ ಗಾಡಿಯವನೊಬ್ಬ ಹಿಂದಿನ ಓಣಿಯಲ್ಲಿ ಗುದ್ದಾಟ ಶುರು ಮಾಡಿಸಿದ. ಬರಿಗೈ, ಬರಿಗಾಲು. ನೋಡಲು ಬಂದವರು ಅವನ ಹತ್ತಿರ ತಿನ್ನುತ್ತಿದ್ದರು, ಗುದ್ದಾಡಿದ ಇಬ್ಬರಿಗೂ ಅವನು ಒಂದೊಂದು ತಟ್ಟೆ ನೂಡಲ್ಸ್ ಕೊಡುತ್ತಿದ್ದ. ಗೆದ್ದವನ ತಟ್ಟೆಯ ಮೇಲೆ ಒಂದು ಮೊಟ್ಟೆ. ಆದರೆ ಓಣಿಯಲ್ಲಿ ಒಂದು ಕಟ್ಟಳೆಯಿತ್ತು. ಗೆದ್ದವನು ಮೊದಲು ಸೋತವನಿಗೆ ಬಡಿಸಿ, ಅವನ ಕೈಗೆ ತಾನೇ ಚಾಪ್‌ಸ್ಟಿಕ್ ಕೊಡಬೇಕು. ಸೋತವನು ಬಾಯಿಗಿಟ್ಟ ಮೇಲೆಯೇ ಆಟ ಮುಗಿದಂತೆ.

"ನನ್ನದು ಒಂದು ಮುಗಿದಿಲ್ಲ," ಎಂದರು ತಾತ.

ಅವರಿಗಿಂತ ಗಟ್ಟಿಗನೊಬ್ಬನಿದ್ದ. ಮೂಟೆ ಹೊರುವಾಗ ಇವರ ಜೋಡಿ, ಗೆಳೆಯ. ಹಸಿವೋ ಹಟವೋ, ಆ ದಿನ ಇವರು ಬೇಕೆಂದೇ ಅವನ ಕಾಲನ್ನು ತುಳಿದು ಹಿಡಿದು, ಅಲುಗಾಡಲಾಗದವನ ಪಕ್ಕೆಗೆ ಗುದ್ದಿ ಕೆಡವಿದರು. ಯಾರಿಗೂ ಕಾಣಲಿಲ್ಲ. ಅವನು ಎದ್ದು, ತನ್ನ ಪಾದ ನೋಡಿಕೊಂಡು, ಇವರ ಮುಖ ನೋಡಿ, ತಿನ್ನದೆ ಹೊರಟುಹೋದ. ಮತ್ತೆ ಸಿಗಲೇ ಇಲ್ಲ. ಮೊಟ್ಟೆಯನ್ನು ಇವರೇ ತಿಂದರು.

"ಅವತ್ತಿನಿಂದ ಮೊಟ್ಟೆ ಮುಟ್ಟಿಲ್ಲ," ಎಂದು ಕಾಫಿ ಲೋಟದ ತಳ ನೋಡಿದರು. ಆಮೇಲೆ ಎದ್ದು ನನ್ನ ಗ್ಲೌಸನ್ನು ಹಿಸುಕಿ ನೋಡಿ, "ಇದೇನಿದು, ಇದೂ ದಿಂಬೇ?" ಎಂದರು.

ಅಂದಿನಿಂದ ಪ್ರತಿ ಶನಿವಾರ, ಭಾನುವಾರ ನನಗೆ ಎರಡನೆಯ ಗುರು ಸಿಕ್ಕಂತಾಯಿತು. ತಲೆಗೆ ಹೊಡೆಯಬೇಡ, ನಿನ್ನ ಕೈಯೇ ಮುರಿಯುತ್ತದೆ, ಹೊಟ್ಟೆಗೆ ಹೊಡಿ ಎನ್ನುವರು. ನಾವು ಕೈಯನ್ನು ಉಪ್ಪುನೀರಿನಲ್ಲಿ ನೆನೆಹಾಕುತ್ತಿದ್ದೆವು ಎನ್ನುವರು. ನಾನು ಒಂದು ಸಂಜೆ ಪಾತ್ರೆಯಲ್ಲಿ ಉಪ್ಪುನೀರು ಹಾಕಿ ಕೈ ಇಳಿಬಿಟ್ಟು ಕೂತಿದ್ದರೆ, ನನ್ನ ಗಂಡ ಬಂದು, "ಉಪ್ಪಿನಕಾಯಿಗೆ ಖಾರ ಯಾವಾಗ ಹಾಕ್ತೀಯ?" ಎಂದು ಕೇಳಿದ.

ಬಗ್ಗುವುದನ್ನು ಮಾತ್ರ ಬಿಡಿಸಲಾಗಲಿಲ್ಲ. ತಾತ ತಮ್ಮ ಚಪ್ಪಲಿಯ ಕಾಲನ್ನು ಮುಂದೆ ಚಾಚಿ, ತುಳಿ ಎನ್ನುತ್ತಿದ್ದರು. ಅಷ್ಟು ವಯಸ್ಸಾದವರ ಕಾಲನ್ನು ತುಳಿಯುವುದೇ! ಮೆಲ್ಲಗೆ ತಾಗಿಸಿದರೂ ಸರಿ, ಕೈ ಕಣ್ಣಿಗೆ ಹೋಗಿಯೇ ಹೋಗುತ್ತಿತ್ತು. ಪಂದ್ಯಕ್ಕೆ ಒಂದು ವಾರ ಉಳಿದಿತ್ತು. ಆಫೀಸಿನ ಇಡೀ ಫ್ಲೋರಿನವರ ಮುಂದೆ ಮಾನ ಹೋಗುತ್ತದೆ ಎಂದು ನಾನು ಅಳುವುದೊಂದು ಬಾಕಿ.

ತಾತ ಚಾಚಿದ ಕಾಲನ್ನು ಹಿಂದಕ್ಕೆಳೆದುಕೊಂಡರು. ಆಮೇಲೆ ಹೇಳಿದರು: "ಬಿಡಬೇಡ, ಗರ್ಲ್. ಒಳ್ಳೆ ಅಭ್ಯಾಸ ಅದು. ಊಟದ ತನಕ ಇಟ್ಟುಕೋ. ಎಷ್ಟು ಸಲ ತುಳಿದೆ ಅಂತ ನೆನಪಿರಲಿ, ಅಷ್ಟನ್ನೂ ಮೇಜಿನ ಹತ್ತಿರ ಮಾಡು."

ಇಷ್ಟು ಸುಲಭದ ಮಾತು ನನಗಾಗಲಿ ಕೋಚ್‌ಗಾಗಲಿ ಹೊಳೆದಿರಲಿಲ್ಲ.

ಪಂದ್ಯ ಒಂದು ಶನಿವಾರ ಬೆಳಿಗ್ಗೆ ನಡೆಯಿತು. ನನ್ನ ಎದುರಾಳಿ ಇನ್ನೊಂದು ವಿಭಾಗದ ಚೀನೀ ಹುಡುಗಿ, ನನಗಿಂತ ಹತ್ತು ವರ್ಷ ಚಿಕ್ಕವಳು, ಹತ್ತು ಪಟ್ಟು ಚುರುಕು. ಆದರೆ ನಾನು ಮುಖ ತಿರುಗಿಸಲಿಲ್ಲ. ಮೊದಲ ಸುತ್ತಿನಲ್ಲಿ ಅವಳ ಕಾಲು ತುಳಿದೆ. ಕೈ ಕೆಳಗೆ ಹೊರಟಿತ್ತು, ಊಟಕ್ಕೆ, ಊಟಕ್ಕೆ ಎಂದು ಗೊಣಗಿಕೊಂಡು ತಡೆದೆ. ಎರಡನೆಯ ಸುತ್ತಿನಲ್ಲಿ ಮತ್ತೆ ಎರಡು ಸಲ ತುಳಿದೆ. ಮೂರನೆಯ ಸುತ್ತಿನಲ್ಲಿ ಅವಳ ಹೊಟ್ಟೆಗೆ ಒಂದು ಗುದ್ದು ಸರಿಯಾಗಿ ಕೂತಿತು, ಅವಳು "ಉಫ್" ಎಂದಳು. ಆ ಸದ್ದಿಗೆ ನನಗಾದ ಖುಷಿಯನ್ನು ಅಮ್ಮನ ಮುಂದೆ ಹೇಳುವಂತಿಲ್ಲ. ಕೊನೆಗೆ ಸೋತೆ. ಸೋತೂ ಅಷ್ಟು ಹಿಗ್ಗಿದವರನ್ನು ಆ ರೆಫರಿ ನೋಡಿರಲಿಕ್ಕಿಲ್ಲ.

ಮುಂದಿನ ಸಾಲಿನಲ್ಲಿ ನನ್ನ ಗಂಡನ ಪಕ್ಕ ಇಸ್ತ್ರಿ ಅಂಗಿ ತೊಟ್ಟು ಕೂತಿದ್ದ ತಾತ ಎದ್ದರು. "ಇನ್ನೂ ಮುಗಿದಿಲ್ಲ," ಎಂದು ಗೆದ್ದವಳಿಗೂ ಹೇಳಿ, ನಮ್ಮೆಲ್ಲರನ್ನೂ ಟ್ಯಾಕ್ಸಿಯಲ್ಲಿ ಬೆಡೋಕ್‌ನಲ್ಲಿ ಸಾಲಾಗಿ ಊಟದಂಗಡಿಗಳಿರುವ ಹಾಕರ್ ಸೆಂಟರ್‌ಗೆ ಹೊರಡಿಸಿದರು. ಓಣಿಯ ಕಟ್ಟಳೆಯನ್ನು ದಾರಿಯಲ್ಲೇ ಅವಳಿಗೆ ಹೇಳಿದ್ದೆ. ಅವಳು ಸಸ್ಯಾಹಾರದ ಅಂಗಡಿಯಿಂದ ಬೀಹೂನ್ ತಂದಳು. ಅದು ನಮ್ಮ ಒತ್ತುಶಾವಿಗೆಯ ತಂಗಿ. ತಟ್ಟೆಯನ್ನು ನನ್ನ ಮುಂದಿಟ್ಟು, ಚಾಪ್‌ಸ್ಟಿಕ್ಕನ್ನು ಎರಡು ಕೈಯಲ್ಲಿ ಹಿಡಿದು ನನಗೆ ಕೊಟ್ಟಳು. ನಾನು ತಿನ್ನುವ ಮೊದಲು ಬಗ್ಗಿ, ಅವಳ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಒಂದು, ಎರಡು, ಮೂರು.

"ಅಯ್ಯೋ ಡೋಂಟ್ ಲಾ!" ಎಂದು, ಇಲ್ಲಿಯ ಮಾತಿನ ಬಾಲವಾದ ಆ ‘ಲಾ’ ಸಮೇತ ಕೂಗಿ, ಅವಳು ಕಾಲನ್ನು ಕುರ್ಚಿಯ ಮೇಲೆತ್ತಿಕೊಂಡಳು. ಪಕ್ಕದ ಮೇಜಿನವರೆಲ್ಲ ನಕ್ಕರು. ನಾನು ಮೊದಲ ತುತ್ತು ಬಾಯಿಗಿಟ್ಟೆ.

ಆಗ ತಾತ ಎರಡು ತಟ್ಟೆ ನೂಡಲ್ಸ್ ಹಿಡಿದು ಬಂದರು. ಎರಡರ ಮೇಲೂ ಮೊಟ್ಟೆಯಿತ್ತು. ಒಂದನ್ನು ತಮ್ಮ ಮುಂದಿಟ್ಟುಕೊಂಡರು, ಇನ್ನೊಂದನ್ನು ತಮ್ಮ ಎದುರಿನ ಖಾಲಿ ಸ್ಟೂಲಿನ ಮುಂದೆ. ಚಾಪ್‌ಸ್ಟಿಕ್ಕನ್ನು ಆ ತಟ್ಟೆಯ ಪಕ್ಕದಲ್ಲಿ ನೇರವಾಗಿ ಇಟ್ಟರು. ಆಮೇಲೆ ಮೇಜಿನ ಅಂಚು ಹಿಡಿದು, ಒಂದೊಂದೇ ಮೊಣಕಾಲು ಮಡಿಸಿ ಕೆಳಗಿಳಿದರು. ನನ್ನ ಗಂಡ ಹಿಡಿಯಲು ಹೋದ, ನಾನು ಅವನ ಅಂಗಿ ಎಳೆದೆ. ಖಾಲಿ ಸ್ಟೂಲಿನ ಮುಂದೆ, ಕೂತವನ ಪಾದ ಇರುತ್ತಿದ್ದ ನೆಲವನ್ನು ಚಪ್ಪಟೆ ಗೆಣ್ಣಿನ ಆ ಕೈಯಿಂದ ಮುಟ್ಟಿ, ಕಣ್ಣಿಗೊತ್ತಿಕೊಂಡರು. ನನಗಿಂತ ಚೆನ್ನಾಗಿ ಮಾಡಿದರು.

ಎದ್ದು ಕೂತು, ಉಸಿರು ಸುಧಾರಿಸಿಕೊಂಡು ನನ್ನ ಕಡೆ ತಿರುಗಿದರು.

"ತಡ ಆದರೆ ಪರವಾಗಿಲ್ಲ ಅಲ್ಲವಾ, ಗರ್ಲ್?"

ಅಮ್ಮ ಹೇಳಿಕೊಡದಿದ್ದ ಉತ್ತರವನ್ನು ನಾನೇ ಕೊಡಬೇಕಾಯಿತು. ಬಾಯಿ ತುಂಬ ಶಾವಿಗೆ, ಕಣ್ಣು ತುಂಬ ನೀರು.

"ಪರವಾಗಿಲ್ಲ, ಅಂಕಲ್. ಏನೂ ಪರವಾಗಿಲ್ಲ."

ತಾತ ಎದುರಿನ ತಟ್ಟೆಯನ್ನು ಒಂದು ಗಳಿಗೆ ನೋಡಿದರು, ಅಲ್ಲಿ ಯಾರೋ ಮೊದಲ ತುತ್ತು ತಿನ್ನಲಿ ಎಂದು ಕಾದವರ ಹಾಗೆ. ಆಮೇಲೆ ಚಾಪ್‌ಸ್ಟಿಕ್ಕಿನಿಂದ ತಮ್ಮ ತಟ್ಟೆಯ ಮೊಟ್ಟೆಯನ್ನು ಎತ್ತಿ ಇಡಿಯಾಗಿ ಬಾಯಿಗೆ ಹಾಕಿಕೊಂಡರು. ಕೆನ್ನೆ ಉಬ್ಬಿಸಿಕೊಂಡು ನಮ್ಮನ್ನು ಗದರಿದರು: "ಏನು ನೋಡ್ತೀರಿ? ತಿನ್ನಿ ಲಾ, ಆರಿಹೋಗ್ತಿದೆ."