ಅವರು ಬರುತ್ತಿದ್ದ ಮಧ್ಯಾಹ್ನಗಳು

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಒಂದೂವರೆ ವರ್ಷ ಕಾಲ ಅವರು ಹೆಚ್ಚುಕಡಿಮೆ ದಿನಾಲೂ ಮಧ್ಯಾಹ್ನ ನನ್ನ ಹತ್ತಿರ ಬಂದು ಕೂಡುತ್ತಿದ್ದರು. ಓದಿ ಹೆದರಬೇಡಿ, ಮಕ್ಕಳೇ. ಇದು ದೆವ್ವದ ಕತೆಯಲ್ಲ. ನಾನು ಕುರ್ಚಿಯಲ್ಲಿ ಕೂತಲ್ಲೇ ಎಲ್ಲೋ ಹೋಗಿಬಿಡುತ್ತಿದ್ದೆ, ಹೋದಲ್ಲಿ ಅವರಿರುತ್ತಿದ್ದರು, ಅಷ್ಟೇ. ಎದುರಿಗೆ ಕೂತು ಇದನ್ನು ಹೇಳಲು ನನ್ನಿಂದಾಗದು. ನಾಲ್ಕು ಜನರ ನಡುವೆ ನೀರು ಬೇಕೆಂದು ಕೇಳಲೂ ನಾಚುವವಳು ನಾನು. ತವರೂರ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರಗಳಿವೆ, ಅವುಗಳಿಂದ ಬರೆಯುತ್ತೇನೆ.

ಅವರು ಈ ಶಹರದ ಅಬಿಡ್ಸ್ ಪೇಟೆಯ ಒಂದು ಛಾಪಖಾನೆಯಲ್ಲಿ ಕರಡು ತಿದ್ದುವ ಕೆಲಸ ಮಾಡುತ್ತಿದ್ದರು. ನಾವಿದ್ದದ್ದು ಹಿಮಾಯತ್‌ನಗರದ ಗಲ್ಲಿಯೊಂದರಲ್ಲಿ, ಮಾಳಿಗೆಯ ಮೇಲಿನ ಎರಡು ಕೋಣೆಗಳಲ್ಲಿ. ಮಧ್ಯಾಹ್ನ ಎರಡಕ್ಕೆ ಊಟಕ್ಕೆ ಬರುವಾಗ ಗಲ್ಲಿಯ ತಿರುವಿನಲ್ಲೇ ಸೈಕಲ್ ಗಂಟೆ ಬಾರಿಸುತ್ತಿದ್ದರು, ನಾನು ಹಂಚು ಒಲೆಗೆ ಇಡಲಿ ಎಂದು. ಅವರು ಮೆಟ್ಟಿಲು ಹತ್ತಿ ಕೈಕಾಲು ತೊಳೆಯುವಷ್ಟರಲ್ಲಿ ಮೊದಲ ರೊಟ್ಟಿ ಉಬ್ಬುತ್ತಿತ್ತು. ನಿಮ್ಮ ಅಮ್ಮ ಆಗ ಶಾಲೆಯಲ್ಲಿರುತ್ತಿದ್ದಳು. ಊಟವಾದ ಮೇಲೆ ಚಾಪೆಯ ಮೇಲೆ ಕಾಲು ಚಾಚಿ, ಅಂದು ತಿದ್ದಿದ ಪುಟಗಳಲ್ಲಿ ಏನಿತ್ತೆಂದು ನನಗೆ ಹೇಳುತ್ತಿದ್ದರು. ಒಂದು ದಿನ ಜೇನು ಸಾಕುವ ಬಗೆ, ಇನ್ನೊಂದು ದಿನ ಯಾರದೋ ಮದುವೆಯ ಕರೆಯೋಲೆ, ಮತ್ತೊಂದು ದಿನ ಮೂಲವ್ಯಾಧಿಯ ಔಷಧಿ. ಮೂರಕ್ಕೆ ಎದ್ದು ಹೊರಡುತ್ತಿದ್ದರು. ಮೂವತ್ತು ವರ್ಷದ ಸಂಸಾರದಲ್ಲಿ ನಮ್ಮಿಬ್ಬರಿಗೇ ಅಂತ ಇದ್ದದ್ದು ಆ ಒಂದು ತಾಸು.

ಅವರು ಹೋದ ಮೇಲೆ ನಿಮ್ಮ ಅಮ್ಮ ನನ್ನನ್ನು ಶಹರದಂಚಿನ ಗಚ್ಚಿಬೌಲಿಗೆ, ಒಂಬತ್ತನೆಯ ಮಹಡಿಯ ತನ್ನ ಮನೆಗೆ ಕರೆತಂದಳು. ಗಾಜಿನ ಕಟ್ಟಡಗಳು ದಿನಕ್ಕೊಂದು ಏಳುತ್ತಿದ್ದ ಕಾಲ ಅದು. ಬಾಲ್ಕನಿಯಿಂದ ನೋಡಿದರೆ ಆನೆಗಳ ಹಿಂಡು ಮಲಗಿದಂತೆ ಬಂಡೆಗಳು, ಅವುಗಳಾಚೆ ಗಾಜು. ಆ ಗಾಜಿನಲ್ಲಿ ಮೋಡಗಳು ನಡೆಯುತ್ತಿದ್ದವು. ಮಧ್ಯಾಹ್ನ ದೂರದಲ್ಲೆಲ್ಲೋ ಸೈರನ್ ಕೂಗಿ, ಬಂಡೆ ಸಿಡಿಸಿದ ಸದ್ದು ಬಂದು, ಆಮೇಲೆ ತುಸು ಹೊತ್ತು ಧೂಳಿಗೆ ಬಿಸಿಲೆಲ್ಲ ಹಿಟ್ಟಿನಂತೆ ಬೆಳ್ಳಗಾಗುತ್ತಿತ್ತು. ಆ ಬಿಳುಪಿನಲ್ಲಿ ಕಣ್ಣು ನಿಂತರೆ ಸಾಕು, ಬಾಲ್ಕನಿ ಇರುತ್ತಿರಲಿಲ್ಲ. ಹಿಮಾಯತ್‌ನಗರದ ಸುಣ್ಣದ ಗೋಡೆ ಇರುತ್ತಿತ್ತು, ಚಾಪೆ ಇರುತ್ತಿತ್ತು, ಅವರ ಬೆರಳುಗಳಿಗೆ ಹತ್ತಿದ ಕೆಂಪು ಮಸಿ ಇರುತ್ತಿತ್ತು. ದುಃಖವೆಂದರೆ ಹೀಗಿರುತ್ತದೆ ಎಂದು ನನಗೆ ತಿಳಿದಿರಲಿಲ್ಲ, ಏಕೆಂದರೆ ಅದು ಸಿಹಿಯಾಗಿತ್ತು. ಒಂದೇ ವ್ಯತ್ಯಾಸ: ಇಲ್ಲಿ ಅವರು ಮೂರಕ್ಕೆ ಎದ್ದು ಹೊರಡುತ್ತಿರಲಿಲ್ಲ.

ಮೂರಕ್ಕೇ ಶಾಲೆಯ ವ್ಯಾನು ಬರುತ್ತಿತ್ತು. ನಿಮ್ಮಲ್ಲಿ ದೊಡ್ಡವಳು ಆಗ ಒಂದನೆಯ ತರಗತಿ. ಚಿಕ್ಕವನು ಇನ್ನೂ ಹುಟ್ಟಿರಲಿಲ್ಲ. ಕೆಳಗಿಳಿದು ಗೇಟಿನಲ್ಲಿ ಅವಳನ್ನು ಕರೆದುಕೊಳ್ಳುವುದು ನನ್ನ ಒಂದೇ ಕೆಲಸ. ಒಂದು ದಿನ ಗೇಟಿನಿಂದ ಇಂಟರ್‌ಕಾಮ್ ಸದ್ದು ಮಾಡಿತು. ನನ್ನ ಕಿವಿಗೆ ಅದು ಸೈಕಲ್ ಗಂಟೆ. "ಇಟ್ಟೆರಿ, ಹಂಚ ಇಟ್ಟೆ" ಎಂದು ಕುರ್ಚಿಯಿಂದಲೇ ಹೇಳಿದೆ. ಮತ್ತೆ ಸದ್ದಾಯಿತು, ಮತ್ತೆ ಅದನ್ನೇ ಹೇಳಿದೆ. ನಾನು ಮರಳಿ ಬಂದಾಗ ಬಿಸಿಲು ನೆಲದ ಮೇಲೆ ಬಹಳ ದೂರ ಸರಿದಿತ್ತು. ಗಡಿಯಾರದಲ್ಲಿ ನಾಲ್ಕು ದಾಟಿತ್ತು.

ಗೇಟಿನ ಕಾವಲುಗಾರನ ಗೂಡಿನಲ್ಲಿ ಅವಳು ಬೆನ್ನಿನ ಚೀಲ ಕೂಡ ಕಳಚದೆ ಕೂತಿದ್ದಳು. "ಪಾಪ ಇಕ್ಕಡೇ ಉಂದಿ ಅಮ್ಮಾ," ಮಗು ಇಲ್ಲೇ ಇದೆ ಎಂದು ಅವನು ತೆಲುಗಿನಲ್ಲಿ ನನಗೇ ಸಮಾಧಾನ ಹೇಳಿದ. ಅವಳು ಅಳುತ್ತಿರಲಿಲ್ಲ. ಆದರೆ ಲಿಫ್ಟಿನಲ್ಲಿ ಒಂಬತ್ತು ಮಹಡಿ ಏರುವವರೆಗೂ ನನ್ನ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಮರುದಿನ ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತ, "ಅಜ್ಜಿ, ಇವತ್ತು ಬರ್ತೀಯಲ್ಲಾ?" ಎಂದು ಕೇಳಿದಳು. ಅದುವರೆಗೆ ಎಂದೂ ಕೇಳಿರಲಿಲ್ಲ. ಬರುತ್ತೇನೆ ಎಂದೆ. ಅದು ನಿಜವೋ ಸುಳ್ಳೋ ನನಗೇ ಗೊತ್ತಿರಲಿಲ್ಲ.

ಆ ವಾರ ನಿಮ್ಮ ಅಮ್ಮ ಹೇಳಿದಂತೆ, ನನ್ನ ಬದಲು ಪಕ್ಕದ ಮನೆಯ ಕೆಲಸದಾಕೆ ವ್ಯಾನಿನ ಹತ್ತಿರ ಹೋದಳು. ಭಾನುವಾರ ನಿಮ್ಮ ಅಮ್ಮ ಬಾಲ್ಕನಿಗೆ ಬಂದು, ನಾನು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಲ್ಲಿ ಕೂತಳು.

"ಅವ್ವಾ, ಬೈಯಾಕ ಬಂದಿಲ್ಲ ನಾ."

"ಬೈ. ಬೈದಿದ್ದರ ಚಲೋ ಆಗತಿತ್ತು."

"ಅವತ್ತ ಎಲ್ಲಿ ಹೋಗಿದ್ದಿ?"

"ಮನ್ಯಾಗ ಇದ್ದೆನಲ್ಲ."

"ಮನ್ಯಾಗ ಇದ್ದಿ, ಖರೆ. ಎಲ್ಲಿ ಹೋಗಿದ್ದಿ?"

ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ ಕೂಡಿಸಿದೆ. "ಹಿಮಾಯತ್‌ನಗರಕ್ಕ" ಎಂದೆ.

ಅವಳು, "ಅಪ್ಪ ಇದ್ದನೇನು ಅಲ್ಲಿ?" ಎಂದಳು, ಪಕ್ಕದೂರಿಗೆ ಹೋಗಿ ಬಂದವರನ್ನು ಕೇಳಿದಂತೆ. ನಾನು ತಲೆಯಾಡಿಸಿದೆ. ಆಗ ಅವಳು ಕೌನ್ಸೆಲಿಂಗ್ ಎಂಬ ಮಾತು ತೆಗೆದಳು. ಅವಳ ಆಫೀಸಿನವರ ಮನೆಮಂದಿಗೆ ಅಂತ ಒಬ್ಬರಿದ್ದಾರೆ, ಕನ್ನಡದವರೇ, ಹೆಂಗಸು. ಹೋಗಿ ಒಂದು ತಾಸು ಮಾತನಾಡಿ ಬರುವುದು.

"ಅಂದರ ನನಗ ಹುಚ್ಚ ಹಿಡದೈತಿ ಅಂತೀ."

"ಹಂಗಂದರ ನನಗೂ ಹಿಡದಿತ್ತು ಅನ್ನು. ಅಪ್ಪ ಹೋದ ಮ್ಯಾಲ ನಾ ಆರು ಸಲ ಹೋಗಿ ಬಂದೀನಿ."

ಕೈಯಲ್ಲಿದ್ದ ಸೊಪ್ಪು ಅಲ್ಲೇ ನಿಂತಿತು. "ಯಾವಾಗ? ನನಗ ಹೇಳಲೇ ಇಲ್ಲಲ್ಲ."

"ನೀ ಕೇಳಲಿಲ್ಲ, ನಾ ಹೇಳಲಿಲ್ಲ. ಆಫೀಸಿನಿಂದ ಹಂಗ ಹೋಗಿ ಬರತಿದ್ದೆ."

"ಗುಳಗಿ ಕೊಡತಾರೇನು?"

"ಇಲ್ಲವಾ. ಗುಳಗಿ ಬೇಕು ಅನ್ನಿಸಿದರ ಬ್ಯಾರೆ ಡಾಕ್ಟರ ಕಡೆ ಕಳಸ್ತಾರ. ಇವರು ಬರೇ ಮಾತಾಡಸ್ತಾರ."

"ಮಾತಾಡಸಾಕ ನೀ ಇದ್ದೀಯಲ್ಲ."

"ನನ್ನ ಮುಂದ ಅಳ್ತೀಯೇನು ನೀ?" ಎಂದಳು. ನಾನು ಇನ್ನೊಂದು ಕಡ್ಡಿ ಎತ್ತಿಕೊಂಡೆ. "ನಾನೂ ನಿನ್ನ ಮುಂದ ಅಳಲಿಲ್ಲ" ಎಂದು ಎದ್ದು, ಬಿಡಿಸಿದ ಸೊಪ್ಪನ್ನು ತಾನೇ ಒಳಗೆ ಒಯ್ದಳು.

ಸುದ್ದಿ ಹೇಗೋ ಹಿಮಾಯತ್‌ನಗರಕ್ಕೆ ಮುಟ್ಟಿತು. ನಿಮ್ಮ ಅಜ್ಜನ ಅಕ್ಕ ಅಲ್ಲೇ ಇದ್ದರು. ಫೋನಿನಲ್ಲಿ ಅವರ ಮೊದಲ ಮಾತೇ, "ಏನವಾ, ಎರ್ರಗಡ್ಡಕ್ಕ ಹೊಂಟೀಯಂತ?" ಎರ್ರಗಡ್ಡದಲ್ಲಿ ಮಾನಸಿಕ ರೋಗಿಗಳ ದೊಡ್ಡ ಆಸ್ಪತ್ರೆ ಇದೆ, ಈ ಊರಿನಲ್ಲಿ ಯಾರನ್ನಾದರೂ ಹುಚ್ಚರೆಂದು ಹಂಗಿಸಲು ಆ ಹೆಸರೊಂದೇ ಸಾಕು.

"ಅಲ್ಲಿಗಲ್ಲರಿ ಅಕ್ಕಾರ. ಇಲ್ಲೇ ಗಚ್ಚಿಬೌಲಿಯೊಳಗ. ಬರೇ ಮಾತಾಡಾಕ."

"ಮಾತಾಡಾಕ! ನೀ! ಮೂವತ್ತು ವರ್ಷ ನಮ್ಮ ಮನಿಗೆ ಬಂದಿ, ಒಂದು ದಿನ ಬಾಯಿ ಬಿಟ್ಟು ಚಹಾ ಬೇಡಲಿಲ್ಲ. ಈಗ ಹೊರಗಿನವರ ಮುಂದ ಭಾಷಣ ಮಾಡಾಕ ಹೊಂಟಿ. ಏನ ಹೇಳ್ತಿ ಅಲ್ಲಿ? ನನ್ನ ತಮ್ಮ ನಿನ್ನ ಚಲೋ ನೋಡಿಕೊಳ್ಳಲಿಲ್ಲ ಅಂತೀಯೇನು?"

"ಭಾಳ ಚಲೋ ನೋಡಿಕೊಂಡರ್ರಿ. ಅದಕ್ಕ ಹೊಂಟೀನಿ."

ನನ್ನ ಬಾಯಿಂದ ಬಂದ ಮಾತಿಗೆ ನಾನೇ ಬೆಚ್ಚಿದೆ.

ಹೊಂಟೀನಿ ಎಂದೆನಾದರೂ ಇನ್ನೂ ನಿಶ್ಚಯ ಮಾಡಿರಲಿಲ್ಲ. ಹುಚ್ಚಿ ಅನ್ನಿಸಿಕೊಳ್ಳುವ ಭಯ ದೊಡ್ಡದಾಗಿರಲಿಲ್ಲ, ಮಕ್ಕಳೇ. ನಿಜವಾದ ಭಯವನ್ನು ಯಾರಿಗೂ ಹೇಳಿರಲಿಲ್ಲ. ಅಲ್ಲಿಗೆ ಹೋಗಿ ನಾನು ವಾಸಿಯಾಗಿಬಿಟ್ಟರೆ? ಅವರು ಬರುವುದು ನಿಂತುಹೋದರೆ? ಒಮ್ಮೆ ಆಸ್ಪತ್ರೆಯಲ್ಲಿ ಅವರನ್ನು ಕಳೆದುಕೊಂಡೆ. ಇನ್ನೊಮ್ಮೆ ನಾನಾಗಿಯೇ ಹೋಗಿ ಕಳೆದುಕೊಂಡು ಬರುವುದೆ? ಹಾಗೆಂದು ಮನೆಯಲ್ಲೇ ಉಳಿದರೆ, ಬೆಳಿಗ್ಗೆ ಬೂಟಿನ ಲೇಸು ಹಿಡಿದು "ಬರ್ತೀಯಲ್ಲಾ?" ಎಂದು ಕೇಳುವ ಮಗುವಿಗೆ ಏನು ಹೇಳಲಿ? ಒಂದು ವಾರ ಹೀಗೇ ತೂಗಾಡಿದೆ. ಮಧ್ಯಾಹ್ನಗಳಲ್ಲಿ ಅವರನ್ನೇ ಕೇಳೋಣವೆಂದುಕೊಂಡರೆ ಅವರು ಜೇನಿನ ಮಾತನ್ನೇ ಆಡುತ್ತಿದ್ದರು.

ಕೊನೆಗೆ ಎಬ್ಬಿಸಿದವರು ನಿಮ್ಮ ಅಪ್ಪ. ಮೈಸೂರಿನವರು, ನನ್ನ ಮುಂದೆ ದನಿ ಎತ್ತಿ ಮಾತನಾಡಿದವರಲ್ಲ. "ಅತ್ತೆ, ಒಂದ್ಸಲ ಹೋಗಿ ನೋಡಿ. ಇಷ್ಟ ಆಗ್ಲಿಲ್ಲ ಅಂದ್ರೆ ಎದ್ದು ಬಂದ್ಬಿಡಿ. ಸಿನಿಮಾ ಚೆನ್ನಾಗಿಲ್ಲ ಅಂದ್ರೆ ಮಧ್ಯದಲ್ಲೇ ಎದ್ದು ಬರಲ್ವಾ? ನಾನು ಕಾರಲ್ಲೇ ಕೂತಿರ್ತೀನಿ."

"ನಾ ಯಾವ ಸಿನಿಮಾದಿಂದಲೂ ಎದ್ದು ಬಂದಾಕಿ ಅಲ್ಲಪಾ" ಎಂದೆ. ನಕ್ಕರು. ನಾನು ಇಳಕಲ್ ಸೀರೆ ಉಟ್ಟು ಹೊರಟೆ.

ಅದು ಆಸ್ಪತ್ರೆಯಂತಿರಲಿಲ್ಲ. ಒಂದು ಮನೆಯ ಮೇಲಿನ ಕೋಣೆ, ಎರಡು ಬೆತ್ತದ ಕುರ್ಚಿ, ತೆಳ್ಳನೆಯ ಹಳದಿ ಪರದೆ. ಗಾಳಿಗೆ ಪರದೆ ಉಬ್ಬಿದಾಗಲೆಲ್ಲ ಕೋಣೆ ತುಂಬ ಅರಿಸಿನ ನೀರಿನ ಬಣ್ಣ ತೇಲುತ್ತಿತ್ತು. ಕೌನ್ಸೆಲಿಂಗ್ ಮಾಡುವ ಬಾಯಾರಿಗೆ, ನೀವು ಮೇಡಂ ಅನ್ನುತ್ತೀರಲ್ಲ, ಅವರಿಗೆ ನಿಮ್ಮ ಅಮ್ಮನಷ್ಟೇ ವಯಸ್ಸು. ಮಂಗಳೂರಿನ ಕಡೆಯ ಮಾತು. "ಇಲ್ಲಿ ಹೇಳಿದ್ದು ಇಲ್ಲೇ ಉಳೀತದೆ ಅಮ್ಮ. ಮಗಳಿಗೂ ಹೇಳುದಿಲ್ಲ. ನಿಮ್ಮ ಜೀವಕ್ಕೆ ಅಪಾಯ ಅಂತ ಕಂಡ್ರೆ ಮಾತ್ರ ಹೇಳ್ಬೇಕಾಗ್ತದೆ, ಅದೂ ಮೊದಲು ನಿಮಗೆ ತಿಳಿಸಿಯೇ" ಎಂದರು. ನನ್ನ ಹೆಸರು, ಊರು ಬರೆದುಕೊಂಡರು. ಆಮೇಲೆ, "ಯಜಮಾನರ ಹೆಸರು?" ಎಂದರು.

ಅವರು ಕಾದರು. ನಾನು ಪರದೆಯನ್ನು ನೋಡಿದೆ. ಅವರು ಪೆನ್ನು ಕೆಳಗಿಟ್ಟು, ಬಹಳ ಮೆಲ್ಲಗೆ, "ಹೆಸರು ಹೇಳ್ಲಿಕ್ಕೆ ಅಷ್ಟು ಸಂಕಟ ಆಗ್ತದಾ?" ಎಂದರು.

ನನಗೆ ನಗು ಬಂದುಬಿಟ್ಟಿತು. "ಸಂಕಟ ಅಲ್ಲರಿ ಬಾಯಾರ. ಗಂಡನ ಹೆಸರು ಹಂಗ ಹೇಳೂದಿಲ್ಲರಿ ನಮ್ಮ ಕಡೆ. ಒಡಪಿನ್ಯಾಗ ಇಟ್ಟು ಹೇಳಬೇಕು."

ಅವರಿಗೆ ಒಡಪು ಗೊತ್ತಿರಲಿಲ್ಲ. ಹೇಳಿಕೊಟ್ಟೆ: ಮದುವೆಯಲ್ಲಿ, ತೊಟ್ಟಿಲ ಕಾರ್ಯದಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಒಳಗೆ ಬರುವವಳನ್ನು ಗಂಡನ ಹೆಸರು ಹೇಳೆಂದು ಪೀಡಿಸುವುದು, ಅವಳು ಎರಡು ಸಾಲು ಕಟ್ಟಿ, ನಡುವೆ ಹೆಸರು ಸೇರಿಸಿ ಹೇಳಿ ಒಳಗೆ ಹೋಗುವುದು. ನಾಚಿಕೆಯವಳಾದ ನನಗೆ ಎಲ್ಲರೆದುರು ದನಿ ತೆಗೆಯಲು ಇದ್ದ ಸಂದರ್ಭ ಅದೊಂದೇ. ನನ್ನ ಒಡಪನ್ನು ಹದಿನೇಳನೆಯ ವಯಸ್ಸಿನಲ್ಲಿ ನಾನೇ ಕಟ್ಟಿದ್ದೆ.

"ಈಗಲೂ ಹೇಳ್ತೀರಾ?" ಎಂದರು.

"ಈಗ ಯಾರು ಕೇಳತಾರ್ರೀ? ಮುತ್ತೈದಿಯರನ್ನ ಕೇಳೂದು. ನನ್ನನ್ನ ಬಿಟ್ಟು ಮುಂದಿನಾಕಿ ಕಡೆ ಹೋಗತಾರ."

"ನಾನು ಕೇಳ್ತೇನೆ" ಎಂದರು.

ಗಾಳಿ ನಿಂತು ಪರದೆ ಇಳಿದಿತ್ತು. ನಾನು ಸೆರಗು ಸರಿಮಾಡಿಕೊಂಡೆ. "ಕರಿ ಹೊಲದಾಗ ಬಿಳಿಜ್ವಾಳ ತೂಗತಾವ ಗಾಳಿಗಿ..." ಎರಡನೆಯ ಸಾಲಿಗೆ ಬಂದು, ಹೆಸರು ಹೇಳಿ, "ಹೊಂಟೀನಿ ಬಾವಿ ನೀರಿಗಿ" ಎಂದು ಮುಗಿಸುವಷ್ಟರಲ್ಲಿ ನನ್ನ ದನಿ ನನ್ನದಾಗಿರಲಿಲ್ಲ. ನಡುವಿನ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ನಿಮ್ಮ ಅಜ್ಜನ ಹೆಸರು ನಿಮಗೆ ಗೊತ್ತು. ಒಂದೂವರೆ ವರ್ಷದಲ್ಲಿ ಮೊದಲ ಸಲ, ಮುಖ ಮುಚ್ಚಿಕೊಳ್ಳದೆ ಅತ್ತೆ. ಅವರು ಸಮಾಧಾನ ಹೇಳಲಿಲ್ಲ. ಗಡಿಯಾರ ನೋಡಲಿಲ್ಲ. ನನ್ನ ಎದುರಿಗೆ ಕೂತಿದ್ದರು, ಅಷ್ಟೇ. ಕೌನ್ಸೆಲಿಂಗ್ ಅಂದರೇನೆಂದು ಯಾರಾದರೂ ಕೇಳಿದರೆ ಇಷ್ಟನ್ನೇ ನಾನು ಹೇಳಬಲ್ಲೆ.

ಆಮೇಲೆ ಎಲ್ಲ ಹೇಳಿದೆ: ಚಾಪೆ, ಕೆಂಪು ಮಸಿ, ಇಂಟರ್‌ಕಾಮ್, ಸೆರಗು ಹಿಡಿದ ಎರಡು ಕೈ. ಕೊನೆಗೆ ಕೇಳಿದೆ, "ಇಲ್ಲಿಗೆ ಬಂದರ ಅವರು ಬರೂದು ನಿಂತುಹೋಗತೈತೇನ್ರಿ?"

ಬಾಯಾರು ತಡೆದು ಹೇಳಿದರು. "ನಂಗೆ ಗೊತ್ತಿಲ್ಲ ಅಮ್ಮ. ಸುಳ್ಳು ಹೇಳುದಿಲ್ಲ. ಕೆಲವರಿಗೆ ಕಡಿಮೆ ಆಗ್ತದೆ. ಆದ್ರೆ ಅವರನ್ನು ಕಳಿಸಿಬಿಡೂದು ನನ್ನ ಕೆಲಸ ಅಲ್ಲ. ಮೂರು ಗಂಟೆಗೆ ನೀವು ಗೇಟಿನ ಹತ್ರ ಇರ್ಬೇಕು, ಅದು ಹೇಗೆ ಅಂತ ಇಬ್ಬರೂ ಸೇರಿ ನೋಡುವ. ಅವರು ಬಂದಾಗ, ನಾನು ಹೊರಡ್ಬೇಕು ಅಂತ ಅವರಿಗೇ ಒಮ್ಮೆ ಹೇಳಿ ನೋಡ್ತೀರಾ?"

ಕಾರಿನಲ್ಲಿ ನಿಮ್ಮ ಅಪ್ಪ ಏನನ್ನೂ ಕೇಳಲಿಲ್ಲ. ಅರ್ಧ ದಾರಿಯಲ್ಲಿ ನಾನೇ, "ಬರೂ ಬುಧವಾರ ಹನ್ನೊಂದಕ್ಕ ಮತ್ತ ಬರಬೇಕಪಾ. ನಾನ ಹೇಳಿ ಬಂದೀನಿ" ಎಂದೆ.

ಆ ಮಧ್ಯಾಹ್ನ ನಿಮ್ಮ ಅಜ್ಜ ಬರಲಿಲ್ಲ. ಖಾಲಿ ಬಾಲ್ಕನಿಯಲ್ಲಿ ಒಬ್ಬಳೇ ಕೂತಿದ್ದೆ. ಮರುದಿನ ಬಂದರು. ಬಿಸಿಲು ಬೆಳ್ಳಗಾಯಿತು, ಸುಣ್ಣದ ಗೋಡೆ ಬಂತು, ಅವರು ಕಾಲು ಚಾಚಿದರು. ಯಾವುದೋ ಪುಸ್ತಕದಲ್ಲಿ ಕಂಡ ಸಮುದ್ರದ ಮಾತು ತೆಗೆದಿದ್ದರು. ಅಷ್ಟು ಚೆಂದದ ಮಾತನ್ನು ನಡುವೆ ತಡೆಯಲು ನನಗೆ ಬಹಳ ಕಷ್ಟವಾಯಿತು. "ಏನ್ರಿ," ಎಂದೆ, "ಕೂಸು ಬರೂ ಹೊತ್ತಾತು. ನಾ ಹೊಂಟೆ. ನೀವು ಕೂಡ್ರಿ."

ಎದ್ದೆ. ಅವರು ಕೂತೇ ಇದ್ದರೋ, ಎದ್ದು ಹೋದರೋ, ತಿರುಗಿ ನೋಡಲಿಲ್ಲ. ಲಿಫ್ಟಿನ ಬಾಗಿಲು ತೆರೆದಿತ್ತು. ಕೆಳಗೆ ಗೇಟಿನಾಚೆ ಧೂಳಿನೊಳಗಿಂದ ವ್ಯಾನು ನಿಧಾನವಾಗಿ ತಿರುಗುತ್ತಿತ್ತು.