ಲೇಸಿಲ್ಲದ ಬೂಟು

ಸುಳ್ಳಿಗೆ ಕಾಲಿಲ್ಲ, ಅದು ಬಹಳ ದೂರ ನಡೆಯಲಾರದು ಎಂದು ಬಲ್ಲವರು ಹೇಳುತ್ತಾರೆ. ನನ್ನ ಸುಳ್ಳಿಗೆ ಎರಡು ಕಾಲೂ ಇದ್ದವು, ಮೊಣಕಾಲಿನವರೆಗೆ ಬಿಳಿ ಬೂಟೂ ಇತ್ತು. ಅದು ಆರು ವರ್ಷ ಆರಾಮಾಗಿ ನಡೆಯಿತು. ನೇರವಾಗಿ ಹೇಳಿಬಿಡುತ್ತೇನೆ — ನನ್ನ ಮಗಳನ್ನು ಟೀವಿಯಲ್ಲಿ ನೋಡಿ, ತುಂಬಿದ ಕೋಣೆಯಲ್ಲಿ, ಅವಳು ನನ್ನ ಮಗಳಲ್ಲ ಎಂದೆ. ಅದೊಂದೇ ಆಗಿದ್ದರೆ... ಇಲ್ಲ, ಅದಕ್ಕಿಂತ ಕೆಟ್ಟದ್ದನ್ನೂ ಮಾಡಿದೆ. ಅದನ್ನೂ ಬರೆಯುತ್ತೇನೆ.

ಮಗಳ ಹೆಸರು ಜಾನಕಿ. ವಾರದ ದಿನಗಳಲ್ಲಿ ಬೆಲ್ವ್ಯೂದ ಒಂದು ಕ್ಲಿನಿಕ್ಕಿನಲ್ಲಿ ಜನರ ಕಿವಿ ಪರೀಕ್ಷಿಸುವ ಕೆಲಸ. ಭಾನುವಾರ ಅದೇ ಜನರ ಕಿವಿ ಕೆಡಿಸುವ ಕೆಲಸ. ಅಂದರೆ ಆಗ ಅವಳು ನಮ್ಮ ಊರಿನ ಅಮೆರಿಕನ್ ಫುಟ್‌ಬಾಲ್ ತಂಡದ ಚಿಯರ್‌ಲೀಡರ್. ಈ ಆಟವನ್ನು ಕಾಣದವರಿಗಾಗಿ ಒಂದು ಮಾತು: ದೈತ್ಯರಂಥ ಗಂಡಸರು ಹತ್ತು ಸೆಕೆಂಡು ಗುದ್ದಾಡುತ್ತಾರೆ, ಆಮೇಲೆ ವೃತ್ತಾಕಾರವಾಗಿ ನಿಂತು ಸಭೆ ಸೇರುತ್ತಾರೆ. ಮೂವತ್ತು ವರ್ಷ ಕಚೇರಿಯಲ್ಲಿ ದುಡಿದ ನನಗೆ ಸಭೆಯ ಭಾಗವಾದರೂ ಚೆನ್ನಾಗಿ ಅರ್ಥವಾಗುತ್ತದೆ. ಆ ಸಭೆಗಳ ನಡುವೆ, ಮಳೆ ಇರಲಿ ಚಳಿ ಇರಲಿ, ಅರವತ್ತು ಸಾವಿರ ಜನರ ಉತ್ಸಾಹ ಇಳಿಯದಂತೆ ಮೂರೂವರೆ ಗಂಟೆ ನಗುತ್ತಾ ಕುಣಿಯುವವರು ಈ ಹುಡುಗಿಯರು.

ಆ ತಂಡಕ್ಕೆ ಸೇರುವುದು ಹುಡುಗಾಟವಲ್ಲ. ನೂರಾರು ಜನ ಬರುತ್ತಾರೆ, ಮೂರು ಸುತ್ತು ಸೋಸುತ್ತಾರೆ, ಸಂದರ್ಶನ ಬೇರೆ. ಒಮ್ಮೆ ಆಯ್ಕೆಯಾದವರೂ ಮರುವರ್ಷ ಹೊಸಬರ ಜೊತೆ ಸಾಲಿನಲ್ಲಿ ನಿಂತು ಮತ್ತೆ ಮೊದಲಿನಿಂದ ಪರೀಕ್ಷೆ ಕೊಡಬೇಕು. ನನ್ನ ಕೆಲಸಕ್ಕೆ ಅಂಥ ನಿಯಮ ಇದ್ದಿದ್ದರೆ ಎರಡನೇ ವರ್ಷಕ್ಕೇ ಮೈಸೂರಿನ ವಿಮಾನ ಹತ್ತಿರುತ್ತಿದ್ದೆ. ಜಾನಕಿ ನಾಲ್ಕು ಸಲ ಆಯ್ಕೆಯಾದಳು. ಇದನ್ನು ಬರೆಯುವಾಗ ನನ್ನ ಎದೆ ಎಷ್ಟು ಉಬ್ಬಿದೆ ಎಂದರೆ ಅಂಗಿಯ ಗುಂಡಿಗಳ ಬಗ್ಗೆ ಚಿಂತೆಯಾಗುತ್ತಿದೆ. ಆಗಲೂ ಉಬ್ಬಿತ್ತು. ಆದರೆ ಆಗ ಅದರ ಮೇಲೆ ಕೋಟು ಹಾಕಿಕೊಂಡಿದ್ದೆ.

ಅವಳು ಹನ್ನೆರಡು ವರ್ಷ ಭರತನಾಟ್ಯ ಕಲಿತವಳು. ರಂಗಪ್ರವೇಶದ ದಿನ ಇಡೀ ಕನ್ನಡ ಸಂಘ ಬಂದಿತ್ತು, ನಾನು ರೇಷ್ಮೆ ಶಲ್ಯ ಹೊದ್ದು ಬಾಗಿಲಲ್ಲಿ ನಿಂತು ಎಲ್ಲರನ್ನೂ ಬರಮಾಡಿಕೊಂಡಿದ್ದೆ. ಅದೇ ಹುಡುಗಿ, ಅದೇ ಕಾಲು, ಅದೇ ತಾಳಜ್ಞಾನ — ಉಡುಪಿನ ಅಳತೆ ಬದಲಾಗುತ್ತಲೇ ನಾನು ಬಾಗಿಲಿಂದ ಮಾಯವಾದೆ.

“ಅಪ್ಪ, ಫಸ್ಟ್ ಗೇಮ್. ಯು ಆರ್ ಕಮಿಂಗ್, ರೈಟ್?” ಎಂದು ಕೇಳಿದಳು.

“ಮಂಡಿನೋವು ಮರಿ. ಅಷ್ಟೊಂದು ಮೆಟ್ಟಿಲು...”

ಆ ಭಾನುವಾರ ಪಕ್ಕದ ಊರು ಸಮಾಮಿಶ್‌ನಲ್ಲಿರುವ ಗೆಳೆಯ ಪ್ರಕಾಶನ ಮನೆಗೆ ಹೋದೆ. ಚಿತ್ರಾನ್ನ, ಚಿಪ್ಸು, ಗೋಡೆಯಷ್ಟು ದೊಡ್ಡ ಟೀವಿ, ಸಂಘದ ಏಳೆಂಟು ಕುಟುಂಬ. ನನ್ನ ಹೆಂಡತಿ ಲಲಿತಾಗೆ ವಾರಾಂತ್ಯ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಪಾಳಿ; ಆದ್ದರಿಂದ ಸಂಘದ ಬಾಂಧವ್ಯವೆಲ್ಲ ನನ್ನ ಖಾತೆ. ಆಟ ಶುರುವಾಗುವ ಮೊದಲು ಕ್ಯಾಮೆರಾ ಮೈದಾನದ ಅಂಚಿಗೆ ಬಂತು. ಸಾಲಿನಲ್ಲಿದ್ದ ಒಬ್ಬಳು ಬಗ್ಗಿ, ಎರಡು ಕೈಯಿಂದ ಹುಲ್ಲು ಮುಟ್ಟಿ, ಕಣ್ಣಿಗೆ ಒತ್ತಿಕೊಂಡು ಎದ್ದಳು. ನಾಟ್ಯದವರು ಕುಣಿಯುವ ಮೊದಲು ಭೂಮಿಯ ಕ್ಷಮೆ ಕೇಳುವ ನಮಸ್ಕಾರ. ತುಳಿಯುತ್ತೇನೆ, ಮನ್ನಿಸು ಎಂದು.

ಪ್ರಕಾಶನ ಹೆಂಡತಿ ಶೈಲಾ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ. ಅವಳ ಮಗಳೂ ಅದೇ ನಾಟ್ಯಶಾಲೆಯಲ್ಲಿ ಕಲಿಯುತ್ತಿದ್ದಳು. ಕೂಗಿಯೇಬಿಟ್ಟಳು.

“ರೀ, ನಿಲ್ಸಿ, ಹಿಂದಕ್ಕೆ ಹೋಗಿ! ಇದು ಭೂಮಿ ನಮಸ್ಕಾರ ಅಲ್ವಾ? ಮೂರ್ತಿಗಳೇ, ಇವಳು ನಿಮ್ಮ ಜಾನೂನೇ ಅಲ್ವಾ?”

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಬಾಯಿ ನನ್ನನ್ನು ಕೇಳಲಿಲ್ಲ.

“ಅಲ್ಲಮ್ಮ. ಇವಳು ಯಾರೋ. ಬೂಟಿನ ಲೇಸ್ ಕಟ್ಕೋತಿದಾಳೆ, ಅಷ್ಟೆ.”

“ಲೇಸ್ ಕಟ್ಟಿ ಕಣ್ಣಿಗೆ ಒತ್ಕೋತಾರಾ ಸಾರ್?” ಎಂದ ಪ್ರಕಾಶ. “ಭಕ್ತಿ ಜಾಸ್ತಿ ಇರ್ಬೇಕು!” ಎಲ್ಲರೂ ನಕ್ಕರು. ನಾನೂ ನಕ್ಕೆ — ಎಲ್ಲರಿಗಿಂತ ಗಟ್ಟಿಯಾಗಿ.

ಆ ಬೂಟಿಗೆ ಲೇಸೇ ಇಲ್ಲ. ಪಕ್ಕದಲ್ಲಿ ಜಿಪ್ಪು. ಹಿಂದಿನ ಸಂಜೆ ಅದು ಸಿಕ್ಕಿಹಾಕಿಕೊಂಡಾಗ ಮೇಣದಬತ್ತಿ ಉಜ್ಜಿ ಸರಿಮಾಡಿಕೊಟ್ಟವನು ನಾನೇ.

ಎರಡು ವಾರದ ಮೇಲೆ ಶೈಲಾ ಫೋನ್ ಮಾಡಿದಳು. ತಂಡದ ವೆಬ್‌ಸೈಟಿನಲ್ಲಿ ಜಾನಕಿಯ ಫೋಟೋವನ್ನು ಅವಳ ಮಗಳೇ ತೋರಿಸಿದಳಂತೆ. ನಾನು ಬೈಗುಳಕ್ಕೆ ಸಿದ್ಧನಾದೆ.

“ಏನು ಸಾರ್ ನೀವು, ಇಷ್ಟು ಸಂಕೋಚವಾ? ಇಲ್ಲಿ ನಮ್ಮ ಹುಡುಗೀರು ಹುಚ್ಚೆದ್ದು ಹೋಗಿದಾರೆ. ರಾಜ್ಯೋತ್ಸವಕ್ಕೆ ಜಾನು ಒಂದು ಡಾನ್ಸ್ ಹೇಳ್ಕೊಡ್ಬೇಕು, ಅವಳೂ ಜೊತೆಗೆ ಕುಣೀಬೇಕು. ಒಂಬತ್ತು ಜನ ರೆಡಿ ಇದಾರೆ. ಕೈಲಿ ಹಿಡಿಯೋ ಪಾಂಪಾಂ ಕುಚ್ಚು ನಾವೇ ಮಾಡ್ತೀವಿ, ಅರಿಶಿನ ಕುಂಕುಮದ ಬಣ್ಣದಲ್ಲಿ. ಅವಳ ನಂಬರ್ ನನ್ನ ಹತ್ರ ಇದೆ, ಆದ್ರೂ ದೊಡ್ಡೋರು ನೀವು, ಮೊದ್ಲು ನಿಮ್ಮನ್ನ ಕೇಳೋದು ಪದ್ಧತಿ.”

ಇದೇ ನಮ್ಮ ಪದ್ಧತಿ: ಮೂವತ್ತರ ಹತ್ತಿರ ಬಂದ ಮಗಳನ್ನೂ ಅಪ್ಪನ ಮೂಲಕವೇ ಕೇಳುವುದು. ನಾಚುತ್ತಾರೆಂದು ನಾನು ಹೆದರಿದ್ದ ಜನ ಯಾರೂ ನಾಚಿರಲಿಲ್ಲ. ಊರಿಗೆಲ್ಲ ಒಬ್ಬನೇ ನಾಚಿದವನು ಫೋನ್ ಹಿಡಿದು ನಿಂತಿದ್ದ. ಹೂಂ ಎಂದರೆ ಅವತ್ತಿನ ಲೇಸು ಜಾನಕಿಯ ಮುಂದೆಯೇ ಬಿಚ್ಚಿಕೊಳ್ಳುತ್ತದೆ —

“ಅವಳಿಗೆ ಪುರುಸೊತ್ತಿಲ್ಲಮ್ಮ,” ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. “ನಿಜ ಹೇಳ್ಬೇಕೂಂದ್ರೆ, ಅವಳಿಗೆ ಸಂಘ ಗಿಂಘ ಎಲ್ಲ ಅಷ್ಟಕ್ಕಷ್ಟೆ.”

ಶೈಲಾ, “ಓ, ಸರಿ ಸಾರ್,” ಎಂದಳು. ಮತ್ತೆ ಆ ವಿಷಯ ಎತ್ತಲಿಲ್ಲ.

ರಾಜ್ಯೋತ್ಸವ ಹತ್ತಿರ ಬಂದಾಗ ಜಾನಕಿ ಊಟದ ಮೇಜಿನಲ್ಲಿ ಕೇಳಿದಳು, ತಟ್ಟೆ ನೋಡುತ್ತಾ: “ಅಪ್ಪ, ಸಂಘದ ಆಂಟಿ ಅಂಕಲ್ಸ್... ದೇ ನೋ, ರೈಟ್? ಏನಾದ್ರೂ ಅಂದ್ರಾ?”

“ಏನೂ ಅನ್ನಲಿಲ್ಲ,” ಎಂದೆ.

ಎರಡೇ ಎರಡು ಪದ. ಅವಳು ಸಂಘದವರ ಆ ಮೌನವನ್ನು ತನಗೆ ತಿಳಿದಂತೆ ತುಂಬಿಕೊಂಡಳು. “ಇಟ್ಸ್ ಓಕೆ,” ಎಂದಳು. ಆ ವರ್ಷ ಕಾರ್ಯಕ್ರಮಕ್ಕೆ ಬರಲಿಲ್ಲ. ಆಮೇಲೂ ಬರಲಿಲ್ಲ.

ಇನ್ನೊಂದು ಗುಟ್ಟಿದೆ, ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ, ವಿರುದ್ಧವಾಗಿಯೇ ಹೇಳುತ್ತಿದ್ದೇನೆ. ಆಫೀಸಿನ ಒಬ್ಬರು ತಮ್ಮ ಸೀಸನ್ ಸೀಟು, ಅಂದರೆ ವರ್ಷದ ಆಟಗಳಿಗೆಲ್ಲ ಕಾದಿರಿಸಿದ ಜಾಗ, ಬಿಡುವವರಿದ್ದರು; ಅದನ್ನು ನಾನು ತೆಗೆದುಕೊಂಡೆ. ಕಟ್ಟಕಡೆಯ ಮೇಲಿನ ಸಾಲು. ದೇವಸ್ಥಾನದಲ್ಲಿ ಸೇವೆಗೆ ಹೋಗುತ್ತೇನೆಂದು ಹೇಳಿ, ಮಂಕಿ ಟೋಪಿ ಹಾಕಿಕೊಂಡು, ದುರ್ಬೀನು ಹಿಡಿದು, ಆ ಮಂಡಿಯಲ್ಲೇ ಅಷ್ಟೂ ಮೆಟ್ಟಿಲು ಹತ್ತಿದೆ. ಚೆಂಡು ಯಾವ ಕಡೆ ಹೋಯಿತೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಪಕ್ಕದಲ್ಲಿ ಮುಖಕ್ಕೆ ತಂಡದ ಹಸಿರು ಬಣ್ಣ ಬಳಿದುಕೊಂಡ ಗುಡಾಣದಂಥ ಮನುಷ್ಯ ಕೂರುತ್ತಿದ್ದ. ಒಂದು ದಿನ, ಅಷ್ಟು ಹೊತ್ತಿನಿಂದ ಯಾವ ಆಟಗಾರನನ್ನು ನೋಡುತ್ತಿದ್ದೀಯ ಎಂದು ಕೇಳಿದ.

“ಎಡಗಡೆಯಿಂದ ಮೂರನೆಯವಳು,” ಎಂದೆ. “ನನ್ನ ಮಗಳು.”

ಎಷ್ಟು ಸುಲಭವಾಗಿ ಬಂತು ಮಾತು! ಅವನು ಎದ್ದು ನಿಂತು ಇಡೀ ಸಾಲಿಗೆ ಸಾರಿದ. ಗುರುತಿಲ್ಲದ ಜನ ಬಂದು ನನ್ನ ಕೈ ಕುಲುಕಿದರು, ಒಬ್ಬಾಕೆ ತಬ್ಬಿಕೊಂಡಳು. ಅವತ್ತಿನಿಂದ ನಾನು ಮೇಲಿನ ಸಾಲಿನ ಅಪ್ಪ. ಜಾನಕಿ ಬಗ್ಗಿ ನೆಲ ಮುಟ್ಟುವಾಗ ಆ ಸಾಲಿನವರೆಲ್ಲ ಬಗ್ಗಿ ಸಿಮೆಂಟು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು, ಕೈಯಲ್ಲಿ ಬಿಯರ್ ಇದ್ದವರೂ. ನನಗಿಂತ ಹೆಮ್ಮೆಯ ಅಪ್ಪ ಆ ಕ್ರೀಡಾಂಗಣದಲ್ಲಿ ಇರಲಿಲ್ಲ. ಮೈಲಿಗಟ್ಟಲೆ ದೂರದಿಂದ, ಅವಳಿಗೆ ತಿಳಿಯದ ಹಾಗೆ, ಅವಳನ್ನು ಅರಿಯದವರ ಮಧ್ಯೆ — ಅಂಥ ಹೆಮ್ಮೆ ಯಾರಿಗೆ ಬೇಕು?

ಹೋದ ತಿಂಗಳು ಜಾನಕಿ ನಮ್ಮ ಮನೆಗೆ ಬಂದು ಗ್ಯಾರೇಜಿನಲ್ಲಿದ್ದ ತನ್ನ ಸಾಮಾನು ತೆಗೆದಳು. ತಂಡ ಬಿಟ್ಟು ಎರಡು ವರ್ಷವಾಗಿದೆ. ಬೂಟಿನ ಧೂಳು ಒರೆಸುತ್ತಾ ನಕ್ಕಳು. “ನಮ್ಮೋರಿಗೆ ನಾನು ಇಷ್ಟ ಆಗ್ಲಿಲ್ಲ ಅಲ್ವಾ ಅಪ್ಪ? ದೇ ವರ್ ಅಶೇಮ್ಡ್. ಐ ಗೆಟ್ ಇಟ್.”

ನಾನು ಮೇಣದಬತ್ತಿ ಹುಡುಕುವ ನೆಪದಲ್ಲಿ ಒಳಗೆ ಹೋದೆ. ಆ ರಾತ್ರಿಯಲ್ಲ, ಮರುದಿನ ಬೆಳಗ್ಗೆ ಇದನ್ನು ಬರೆಯಲು ಕೂತೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಆದ್ದರಿಂದ ಕನ್ನಡದಲ್ಲಿ ತಪ್ಪೊಪ್ಪಿಕೊಳ್ಳುವುದೂ ಒಂದು ಬಗೆಯ ಮಂಕಿ ಟೋಪಿಯೇ. ಅದು ಹೊಳೆದ ಮೇಲೆ, ಭಾನುವಾರ ಅವಳನ್ನು ಕೂರಿಸಿಕೊಂಡು ಇಲ್ಲಿಯವರೆಗೆ ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಎರಡು ಕಡೆ ಅರ್ಥವಾಗಲಿಲ್ಲ ಎಂದು ತಡೆದಳು. ಎರಡೂ ನನ್ನನ್ನು ನಾನು ಸೊಗಸಾಗಿ ಬೈದುಕೊಂಡಿದ್ದ ಸಾಲುಗಳು; ಹೊಡೆದುಹಾಕಿದೆ.

ಮುಗಿದ ಮೇಲೆ, “ನೈನ್ ಗರ್ಲ್ಸ್?” ಎಂದಳು.

“ಒಂಬತ್ತು.”

ಓದಲು ಬಾರದ ಆ ಹಾಳೆಗಳನ್ನು ತನ್ನ ಕಡೆ ತಿರುಗಿಸಿಕೊಂಡು, “ಅಷ್ಟು ಮೇಲಿಂದ ಏನೂ ಕಾಣ್ಸಲ್ಲ, ಅಪ್ಪ,” ಎಂದಳು.

“ಕಾಣಿಸ್ತಿತ್ತು.”

ಶೈಲಾಗೂ ಫೋನ್ ಮಾಡಿ ಹೇಳಿದ್ದೇನೆ. ಆ ಒಂಬತ್ತು ಹುಡುಗಿಯರು ಈಗ ಕಾಲೇಜಿಗೆ ಬೇರೆ ಬೇರೆ ಊರಿಗೆ ಹೋಗಿದ್ದಾರೆ. ಜಾನಕಿ ನಾಲ್ಕು ಸೀಸನ್ ಕುಣಿದಳು. ಕನ್ನಡ ಸಂಘದ ವೇದಿಕೆಯ ಮೇಲೆ ಒಂದು ಸಲವೂ ಕುಣಿಯಲಿಲ್ಲ.